ಅತ್ತೆಯ ಪ್ರಯಾಣದ ಉಪವಾಸ

ಗುರುವಾಯನಕೆರೆಯಲ್ಲಿ ನನ್ನದೊಂದು ಫ್ಯಾನ್ಸಿ ಅಂಗಡಿ ಇದೆ. ಬಳೆ, ಕ್ಲಿಪ್ಪು, ನೈಟಿ, ಸೀರೆಯ ಫಾಲ್ಸು. ಮಂಗಳೂರಿನಿಂದ ವ್ಯಾನಿನಲ್ಲಿ ಸಾಮಾನು ಹಾಕಲು ಬರುವ ಲೈನ್‌ಸೇಲಿನವರು ಒಂದು ದಿನ ಹೇರ್‌ಬ್ಯಾಂಡಿನ ಡಬ್ಬದ ಜೊತೆ ಒಂದು ತೆಳ್ಳಗಿನ ಪ್ಯಾಕೆಟ್ಟನ್ನೂ ಕೌಂಟರಿನ ಮೇಲೆ ಇಟ್ಟರು. ಏನಿದು ಎಂದು ಕೇಳಿದರೆ ಮನುಷ್ಯ ಸೀಲಿಂಗ್ ಫ್ಯಾನನ್ನು ನೋಡುತ್ತಾ, "ಲೇಡೀಸ್‌ದು ಅಕ್ಕ, ಹಿಂದೆ ಬರ್ದಿದ್ದಾರೆ, ಓದಿ ನೋಡಿ" ಎಂದು ಹೇಳಿ ಓಡಿಯೇ ಹೋದರು. ಬಿಲ್ಲು ಬರೆಯುವುದನ್ನೂ ಮರೆತಿದ್ದರು.

ಓದಿದೆ. ಒಳಗೆ ಇದ್ದದ್ದು ಮೇಣದಂಥದ್ದೇನೋ ಸವರಿದ ಕಾಗದದ ಕೊಳವೆಗಳು. ಮಡಚಿಟ್ಟಾಗ ಚಪ್ಪಟೆ, ಎರಡೂ ಬದಿ ಒತ್ತಿದರೆ ಬಾಯಿ ಬಿಡುತ್ತದೆ. ಹೆಂಗಸರು ಅದನ್ನು ಹಿಡಿದುಕೊಂಡು ಗಂಡಸರ ಹಾಗೆ ನಿಂತೇ ಮೂತ್ರ ಮಾಡಬಹುದು, ಗಲೀಜು ಸೀಟಿಗೆ ಮೈ ತಾಗಿಸಬೇಕಾಗಿಲ್ಲ, ಆಮೇಲೆ ಕಸದ ಬುಟ್ಟಿಗೆ ಹಾಕಿದರಾಯಿತು. ನನಗೆ ನಗು ಬಂತು. ಪ್ಯಾಡನ್ನೇ ಪೇಪರಿನಲ್ಲಿ ಸುತ್ತಿ, ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಹಾಕಿ, ಸುತ್ತಮುತ್ತ ನೋಡಿ ಬ್ಯಾಗಿಗೆ ತುರುಕಿಕೊಳ್ಳುವ ಊರು ಇದು, ಇಲ್ಲಿ ಇದನ್ನು ಯಾರು ಕೇಳುತ್ತಾರೆ? ಕೇಳಿದವರು ಒಬ್ಬರೇ, ಅದೂ ದೀಪಕ್ಕೆ ಎಣ್ಣೆ ಹೊಯ್ಯಲು ಆಗುತ್ತದೆಯೇ ಎಂದು. ಪ್ಯಾಕೆಟ್ಟು ಕ್ಲಿಪ್ಪುಗಳ ಹಿಂದೆ ಧೂಳು ತಿನ್ನುತ್ತಾ ಬಿದ್ದಿತ್ತು.

ಇನ್ನು ನನ್ನ ಅತ್ತೆಯ ವಿಷಯ. ಅತ್ತೆ ಎಂದರೆ ನನ್ನ ಗಂಡನ ತಾಯಿ, ಹುಟ್ಟಿದ್ದು ಮೂಡುಬಿದಿರೆ, ಸೇರಿದ್ದು ಬೆಳ್ತಂಗಡಿ. ನಾವು ಜೈನರು, ಸೂರ್ಯ ಮುಳುಗುವ ಮೊದಲು ಊಟ, ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವುದು, ಇದೆಲ್ಲ ನಮ್ಮ ಮನೆಗಳಲ್ಲಿ ಇದ್ದದ್ದೇ. ಆದರೆ ಅತ್ತೆಯದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಅವರಿಗೆ ಎಲ್ಲಿಗೆ ಹೊರಟರೂ ಉಪವಾಸ. ಮದುವೆಗೆ ಹೊರಟರೆ ಉಪವಾಸ, ಧರ್ಮಸ್ಥಳಕ್ಕೆ ಹೊರಟರೆ ಉಪವಾಸ, ಅಕ್ಕನ ಮನೆಗೆ ಹೊರಟರೂ ಉಪವಾಸ. ಅನ್ನ ಮಾತ್ರವಲ್ಲ, ಒಂದು ಹನಿ ನೀರೂ ಇಲ್ಲ. ಎಲೆಯ ಮುಂದೆ ನಾವು ಹೋಳಿಗೆ ಮುರಿಯುವಾಗ ಅವರು ಒಂದು ಕುರ್ಚಿಯಲ್ಲಿ ಒಣಗಿದ ತುಟಿ ಮುಚ್ಚಿಕೊಂಡು ಶಾಂತವಾಗಿ ಕೂತಿರುತ್ತಿದ್ದರು. ನೆಂಟರೆಲ್ಲ ಅವರ ಕಾಲು ಮುಟ್ಟಿ ಹೋಗುತ್ತಿದ್ದರು. "ಈ ಪ್ರಾಯದಲ್ಲಿ ಎಂಥ ಶ್ರದ್ಧೆ ನೋಡಿ!" ಬಂಟ್ವಾಳದ ತವರಿನಿಂದ ನನ್ನ ಅಮ್ಮ ಫೋನು ಮಾಡಿದಾಗಲೆಲ್ಲ, "ನಿನ್ನ ಅತ್ತೆಯನ್ನು ನೋಡಿ ಕಲಿ, ನೀನು ಊಟಕ್ಕೆ ಮೊದಲನೇ ಪಂಕ್ತಿಯಲ್ಲಿಯೇ ಕೂರ್ತಿ" ಎನ್ನುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು ನನಗೆ. ಹಸಿವಾದವಳು ಮೊದಲನೇ ಪಂಕ್ತಿಯಲ್ಲಿ ಕೂರದೆ ಮತ್ತೆಲ್ಲಿ ಕೂರುವುದು?

ಒಂದು ವಿಷಯ ಮಾತ್ರ ನನಗೆ ಆಗಲೇ ವಿಚಿತ್ರ ಅನಿಸಿತ್ತು. ಅಷ್ಟಮಿ, ಚತುರ್ದಶಿಗೆ ಉಪವಾಸ ಮಾಡುವವರು ಬಹಳ ಮಂದಿ ಇದ್ದಾರೆ. ಅತ್ತೆಯ ಉಪವಾಸ ಮಾತ್ರ ಪಂಚಾಂಗ ನೋಡಿ ಬರುತ್ತಿರಲಿಲ್ಲ, ಬಸ್ಸು ನೋಡಿ ಬರುತ್ತಿತ್ತು.

ಅವರ ಮೊಣಕಾಲಿಗೆ ಆಪರೇಶನ್ ಆಯಿತು. ಕುಕ್ಕರಗಾಲಿನಲ್ಲಿ ಕೂರುವುದು ಈ ಜನ್ಮಕ್ಕೆ ಮುಗಿಯಿತು. ಕೆಲವು ತಿಂಗಳ ನಂತರ ಒಂದು ಮದುವೆಯಿಂದ ಬಂದವರಿಗೆ ಚಳಿ ಜ್ವರ, ಸೊಂಟನೋವು, ಮೂತ್ರದಲ್ಲಿ ಉರಿ. ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಿಪೋರ್ಟು ನೋಡಿ ಚೆನ್ನಾಗಿ ಬೈದರು. "ನೀರು ಕುಡಿಯುವುದಿಲ್ಲ, ಬಂದದ್ದನ್ನು ಕಟ್ಟಿ ಇಡ್ತೀರಿ. ಕಿಡ್ನಿ ಹೋದರೆ ಯಾರು ಜವಾಬ್ದಾರಿ?" ಎಂದರು. ನಾನು, "ಅವರಿಗೆ ವ್ರತ ಉಂಟು ಡಾಕ್ಟ್ರೇ" ಎಂದೆ. ಡಾಕ್ಟರಮ್ಮ ಹೋದ ಮೇಲೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

"ವ್ರತ ಎಲ್ಲಿ ಉಂಟು ಮಗಾ" ಎಂದರು ಗೋಡೆಗೆ. "ಎಲ್ಲ ಕಕ್ಕಸಿಗೆ ಹೆದರಿ."

"ಎಂಥದು?"

"ಬಸ್‌ಸ್ಟ್ಯಾಂಡಿನದ್ದು, ಕಲ್ಯಾಣ ಮಂಟಪದ್ದು ನೀನು ನೋಡಿದ್ದಿಯಲ್ಲ? ಸೀಟೆಲ್ಲ ಒದ್ದೆ, ಯಾರ್ಯಾರದ್ದೋ. ಅದರಲ್ಲಿ ಹೇಗೆ ಕೂರುವುದು? ನೀರು ಕುಡಿದರೆ ಅಲ್ಲವಾ ಹೋಗಬೇಕಾಗುವುದು? ಕುಡಿಯುವುದೇ ಬೇಡ ಅಂತ. ಯಾಕೆ ಕುಡಿಯುವುದಿಲ್ಲ ಅಂತ ಕೇಳಿದರೆ ಏನಾದರೂ ಹೇಳಬೇಕಲ್ಲ."

ಡ್ರಿಪ್ ಹಾಕಿದ ಕೈಯನ್ನು ಹಿಡಿದುಕೊಂಡು ನಾನು ಬಿದ್ದು ಬಿದ್ದು ನಕ್ಕೆ. ಇಷ್ಟು ವರ್ಷ ನನ್ನನ್ನು ಚುಚ್ಚಿದ ಆ ಶ್ರದ್ಧೆ, ಆ ಕಾಲು ಮುಟ್ಟುವವರ ಸಾಲು! ನಕ್ಕು ಮುಗಿದ ಮೇಲೆ ಸಿಟ್ಟು ಬಂತು. ಅವರ ಮೇಲಲ್ಲ. ಒಂದು ತಂಬಿಗೆ ನೀರು ಹೊಯ್ಯದೆ ಎದ್ದು ಬರುವವರ ಮೇಲೆ.

ಮನೆಗೆ ಬಂದ ಮೇಲೆ ಅತ್ತೆ ಹೊಸ ತೀರ್ಮಾನ ಮಾಡಿದರು. ನೀರು ಕುಡಿಯಲೇಬೇಕು ಎಂದಾದರೆ ಇನ್ನು ಎಲ್ಲಿಗೂ ಹೋಗುವುದಿಲ್ಲ. "ಮನೆಯಲ್ಲಿ ನನ್ನ ಬಾತ್‌ರೂಮು ಉಂಟು, ಸಾಕು" ಎಂದರು. ಕಿಟಕಿಯ ಹತ್ತಿರ ಕೂತು ಮೂಡುಬಿದಿರೆಗೆ ಹೋಗುವ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ತಲೆ ಎತ್ತುತ್ತಿದ್ದರು. ಹೊರಗೆ ಹೋಗುವುದೆಂದರೆ ಪ್ರಾಣ ಅವರಿಗೆ. ನೀರಿಲ್ಲದೆಯೂ ಅಷ್ಟು ತಿರುಗಿದ ಹೆಂಗಸು ಅದು.

ಅಷ್ಟರಲ್ಲಿ ಮೂಡುಬಿದಿರೆಯಿಂದ ಫೋನು ಬಂತು. ಅಲ್ಲಿರುವವರು ಅತ್ತೆಯ ಅಕ್ಕ, ನಾನು ದೊಡ್ಡತ್ತೆ ಎಂದು ಕರೆಯುವವರು. ಫೋನು ಮಾಡಿದ್ದು ಅವರ ಸೊಸೆ. ತಂಗಿ ಇನ್ನು ಬರುವುದಿಲ್ಲ ಎಂದು ಕೇಳಿದಾಗಿನಿಂದ ದೊಡ್ಡತ್ತೆ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. "ನನ್ನ ಮನೆಯ ನೀರು ಬೇಡ ಅಂತ ಇತ್ತು, ಈಗ ನಾನೇ ಬೇಡ ಅಂತ ಆಯಿತು" ಎನ್ನುತ್ತಾರಂತೆ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ಕ್ರಮ. ದೊಡ್ಡತ್ತೆಯ ಮನೆಯಲ್ಲಿ ಆ ನೀರು ಬರುವುದು ಅವರ ತಾಯಿಯ ಕಾಲದ ಹಿತ್ತಾಳೆ ಗಿಂಡಿಯಲ್ಲಿ, ಉದ್ದ ಮೂತಿಯ ಚಂದದ ಗಿಂಡಿ. ಅತ್ತೆ ಪ್ರತಿ ಸಲ ಬೆಲ್ಲದ ತುಂಡನ್ನು ಕಣ್ಣಿಗೊತ್ತಿಕೊಂಡು ತಟ್ಟೆಗೇ ಇಡುತ್ತಿದ್ದರು, ನನಗೆ ಇವತ್ತು ಉಪವಾಸ ಎಂದು. ಉಳಿದವರು ನಂಬಿದರು. ದೊಡ್ಡತ್ತೆ ನಂಬಲಿಲ್ಲ. ಪಂಚಾಂಗ ಬಾಯಿಪಾಠ ಇರುವ ಹೆಂಗಸು ಅವರು, ಬಿದಿಗೆಗೂ ತದಿಗೆಗೂ ಎಂಥ ಉಪವಾಸ? ಅಮ್ಮನ ಗಿಂಡಿ ತನ್ನ ಪಾಲಿಗೆ ಬಂತೆಂದು ತಂಗಿಗೆ ಸಿಟ್ಟು, ಅದಕ್ಕೇ ಆ ಗಿಂಡಿಯ ನೀರು ಮುಟ್ಟುವುದಿಲ್ಲ ಎಂದು ಅವರು ತೀರ್ಮಾನಿಸಿದ್ದರಂತೆ. ಒಮ್ಮೆ ಯಾರದ್ದೋ ಕೈಯಲ್ಲಿ ಗಿಂಡಿಯನ್ನು ಬಟ್ಟೆ ಸುತ್ತಿ ಬೆಳ್ತಂಗಡಿಗೆ ಕಳಿಸಿಯೂ ಇದ್ದರು. ನಮ್ಮ ಅತ್ತೆ, "ಇದನ್ನು ಯಾಕೆ ಕಳಿಸಿದಳಪ್ಪ, ಅವಳ ವಸ್ತು ಅವಳಲ್ಲೇ ಇರಲಿ" ಎಂದು ಹಾಗೆಯೇ ವಾಪಸು ಕಳಿಸಿದ್ದರು. ಅದರಿಂದ ಗಾಯಕ್ಕೆ ಉಪ್ಪು ಬಿದ್ದಿತ್ತು.

ನಾನು ಇದನ್ನೆಲ್ಲ ಅತ್ತೆಗೆ ಹೇಳಿದೆ. "ಗಿಂಡಿಯಾ? ನನಗೆ ಗಿಂಡಿ ಯಾಕೆ?" ಎಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಭಾವನವರಿಗೆ ಕಾಯಿಲೆ ಬಂದಾಗ ಅಕ್ಕನ ಮನೆಯಲ್ಲಿ ಕುರ್ಚಿಯ ಹಾಗೆ ಕೂರುವ ಸೀಟಿನ ಕಕ್ಕಸು ಮಾಡಿಸಿದ್ದರಂತೆ. ಆಮೇಲೆ ಮೊಮ್ಮಕ್ಕಳು, ಕೆಲಸದವರು, ಬಂದುಹೋಗುವವರು ಎಲ್ಲರಿಗೂ ಅದೊಂದೇ. "ನಿನ್ನ ಕಕ್ಕಸು ಹೇಸಿಗೆ ಅಂತ ಅಕ್ಕನಿಗೆ ಹೇಳ್ಲಿಕ್ಕೆ ಆಗ್ತದಾ? ಅದಕ್ಕೆ ಉಪವಾಸ ಅಂದೆ."

"ಫೋನು ಮಾಡಿ ಹೇಳಿ ಈಗ."

"ಫೋನಿನಲ್ಲಿ ಹೇಳಿದರೆ ನಂಬುವುದಿಲ್ಲ ಅವಳು. ಅವಳ ಎದುರು ಕೂತು ಆ ನೀರು ಕುಡಿಯಬೇಕು. ಕುಡಿದರೆ ಮತ್ತೆ..." ಎಂದು ಮೊಣಕಾಲು ನೋಡಿಕೊಂಡರು.

ಮರುದಿನ ಅಂಗಡಿಯಿಂದ ಆ ಪ್ಯಾಕೆಟ್ಟು ತಂದೆ. ಧೂಳು ಒರೆಸಿ ಅವರ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು. "ಚರುಮುರಿ ಕಟ್ಟುವ ಪೊಟ್ಟಣದ ಹಾಗೆ ಉಂಟು" ಎಂದರು. ಏನೆಂದು ವಿವರಿಸಿದಾಗ, "ಛೀ! ನಾಚಿಕೆ ಇಲ್ಲವಾ ನಿನಗೆ? ನಿಂತುಕೊಂಡಾ?" ಎಂದು ನನ್ನ ಕೈಗೇ ಬಿಸಾಡಿದರು. ಅರ್ಧ ಗಂಟೆ ಬಿಟ್ಟು ಅಡಿಗೆಮನೆಗೆ ಬಂದು, ಮೆಲ್ಲಗೆ, "ಯಾವ ಬದಿ ಮೇಲೆ?" ಎಂದು ಕೇಳಿದರು.

ನಮ್ಮ ಮನೆಯ ಬಾತ್‌ರೂಮಿನಲ್ಲಿ ತಾಲೀಮು ಶುರುವಾಯಿತು. ಅವರು ಒಳಗೆ, ನಾನು ಬಾಗಿಲ ಹೊರಗೆ. "ಅಗಲದ ಬಾಯಿ ಮೈಗೆ ಒತ್ತಿ ಹಿಡೀರಿ ಅತ್ತೆ, ಮೂತಿ ಮುಂದಕ್ಕೆ, ಸ್ವಲ್ಪ ಕೆಳಗೆ!" ಎಂದು ನಾನು. "ಬೊಬ್ಬೆ ಹಾಕಬೇಡ ಮಾರಾಯ್ತಿ, ಆಚೆಮನೆಯವರಿಗೆ ಕೇಳ್ತದೆ!" ಎಂದು ಅವರು. ಮೊದಲ ದಿನ ಸೀರೆ ಪೂರ್ತಿ ಒದ್ದೆ. ಎರಡನೆಯ ದಿನ ಹೆದರಿಕೆಗೆ ಮೂತ್ರವೇ ಬರಲಿಲ್ಲ. ಆಮೇಲೊಂದು ದಿನ ಬಾಗಿಲು ತೆರೆದು ಬಂದರು, ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ. "ಗಂಡಸರು ಇಷ್ಟು ಸುಖದಲ್ಲಿ ಇದ್ದಾರಾ?" ಎಂದರು.

ಸಂಜೆ ಅಂಗಳಕ್ಕೆ ಇಳಿದು ನೋಡುತ್ತೇನೆ, ನನ್ನ ನೈಟಿಗಳ ಪಕ್ಕದಲ್ಲಿ ಹಗ್ಗದ ಮೇಲೆ ಆ ಕಾಗದದ ಕೊಳವೆಗಳು ಕ್ಲಿಪ್ಪು ಹಾಕಿಕೊಂಡು ಸಾಲಾಗಿ ನೇತಾಡುತ್ತಿವೆ. ಹಾಲಿನ ಪ್ಲಾಸ್ಟಿಕ್ ತೊಟ್ಟೆಯನ್ನು ತೊಳೆದು ಒಣಗಿಸಿ ಇಡುವ ಕೈ ಅದು, ಇದನ್ನು ಬಿಡುತ್ತದೆಯೇ?

"ಅತ್ತೇ! ಅದು ಒಮ್ಮೆಗೆ ಬಿಸಾಡುವುದು!"

"ಇಷ್ಟು ಗಟ್ಟಿ ಕಾಗದ! ಸೋಪು ಹಾಕಿ ತೊಳೆದಿದ್ದೇನೆ."

"ಆಸ್ಪತ್ರೆಗೆ ಇನ್ನೊಮ್ಮೆ ಹೋಗಬೇಕಾ ನಿಮಗೆ?" ಎಂದು ನಾನು ಎಲ್ಲವನ್ನೂ ಕಿತ್ತು ಕಸಕ್ಕೆ ಹಾಕಿದೆ. ಅವರು ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಕಾಟನ್ ಸೀರೆ ಉಟ್ಟು, ಕೈಚೀಲದಲ್ಲಿ ಉಳಿದ ಕೊಳವೆಗಳನ್ನೂ ಹಳೇ ಪೇಪರನ್ನೂ ಹಾಕಿಕೊಂಡು ಜಗಲಿಯಲ್ಲಿ ನಿಂತಿದ್ದರು. "ಹೋಗುವ" ಎಂದರು.

ವೇಣೂರು ದಾರಿಯ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋದೆವು. ಮನೆ ಮುಟ್ಟಿದಾಗ ದೊಡ್ಡತ್ತೆ ಚಾವಡಿಯ ಕುರ್ಚಿಯಲ್ಲಿ ಕೂತಿದ್ದರು, ಬಹಳ ಇಳಿದುಹೋಗಿದ್ದರು. "ಬಂದಿರಾ" ಎಂದರು, ನನ್ನನ್ನು ನೋಡಿ. ಸೊಸೆ ತಟ್ಟೆಯಲ್ಲಿ ಬೆಲ್ಲ, ಜೊತೆಗೆ ಆ ಗಿಂಡಿ ತಂದಳು. ದೊಡ್ಡತ್ತೆ ತಲೆ ಎತ್ತದೆ, "ಅವಳ ಎದುರು ಇಡಬೇಡ. ಅವಳಿಗೆ ಉಪವಾಸ" ಎಂದರು.

ಅತ್ತೆ ಕೈ ಚಾಚಿ ತಟ್ಟೆಯಲ್ಲಿದ್ದ ದೊಡ್ಡ ತುಂಡನ್ನೇ ಎತ್ತಿ ಬಾಯಿಗೆ ಹಾಕಿಕೊಂಡರು. ಗಿಂಡಿ ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಮೂತಿಯಿಂದ ಧಾರೆಯಾಗಿ ಗಂಟಲಿಗೆ ಬಿಟ್ಟುಕೊಂಡರು. ಕುಡಿದರು, ಕುಡಿದರು, ನಿಲ್ಲಿಸಲೇ ಇಲ್ಲ. ಸೆರಗಿನ ಮೇಲೆಲ್ಲ ನೀರು. ಖಾಲಿ ಗಿಂಡಿಯನ್ನು ಕೆಳಗೆ ಇಟ್ಟಾಗ ದೊಡ್ಡತ್ತೆ ಅವರನ್ನೇ ನೋಡುತ್ತಿದ್ದರು.

"ಇವತ್ತು ಎಂಥ ತಿಥಿ?" ಎಂದು ಕೇಳಿದರು.

"ತಿಥಿ ಗೊತ್ತಿಲ್ಲ ಅಕ್ಕ. ಬಾಯಾರಿಕೆ ಆಗಿತ್ತು."

ಅಷ್ಟಕ್ಕೇ ಮುಗಿಯುವ ವಿಷಯವಲ್ಲ, ನೀರು ತನ್ನ ಕೆಲಸ ಮಾಡಬೇಕಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ನನ್ನನ್ನು ನೋಡಿದರು. ಕೈಚೀಲ ಎತ್ತಿಕೊಂಡು ಹಿಂದುಗಡೆ ಹೋದೆವು. ನಾನು ಬಾಗಿಲ ಹೊರಗೆ ನಿಂತು, ಈ ಸಲ ಬಾಯಿ ಮುಚ್ಚಿಕೊಂಡು, ದೇವರನ್ನು ನೆನೆದೆ. ಬಾಗಿಲು ತೆರೆಯಿತು. ಸೀರೆಯ ನೆರಿಗೆ ಒದ್ದೆಯಾಗಿಲ್ಲ, ಕೈಯಲ್ಲಿ ಪೇಪರಿನ ಪೊಟ್ಟಣ. ಅದನ್ನು ಕಸಕ್ಕೆ ಹಾಕಿ, ಕೈಕಾಲು ತೊಳೆದು, ಚಾವಡಿಗೆ ಬಂದು, ನಾಚಿಕೆ ಗೀಚಿಕೆ ಎಲ್ಲ ಬಿಟ್ಟು ಗಟ್ಟಿಯಾಗಿ ಹೇಳಿದರು: "ಆಯಿತು! ನಿಂತುಕೊಂಡೇ!"

"ಎಂಥದು ನಿಂತುಕೊಂಡೇ?" ಎಂದರು ದೊಡ್ಡತ್ತೆ.

ಅತ್ತೆ ಅಕ್ಕನ ಪಕ್ಕ ಕೂತು ಎಲ್ಲವನ್ನೂ ಹೇಳಿದರು, ಬಸ್‌ಸ್ಟ್ಯಾಂಡಿನಿಂದ ಹಿಡಿದು ಆಸ್ಪತ್ರೆಯವರೆಗೆ. ಕೊನೆಗೆ, "ಗಿಂಡಿಯ ಮೇಲೆ ಸಿಟ್ಟಲ್ಲ ಅಕ್ಕ. ನಿನ್ನ ಕಕ್ಕಸು ನೋಡಿ ಹೇಸಿಗೆಯಾಗಿ" ಎಂದರು. ದೊಡ್ಡತ್ತೆ ಈಗ ಗಿಂಡಿ ಎತ್ತಿ ಹೊಡೆಯುತ್ತಾರೆ ಎಂದುಕೊಂಡೆ.

"ಹೇಸಿಗೆಯೇ!" ಎಂದು ದೊಡ್ಡತ್ತೆ ಕಿರುಚಿದರು. "ಅದಕ್ಕೆ ಹೋಗುವಾಗ ನನಗೇ ವಾಕರಿಕೆ ಬರ್ತದೆ. ಇವರಿಗೆಲ್ಲ ನಾನು ಎಷ್ಟು ಹೇಳಿದರೂ ಬೋರ್ಗಲ್ಲ ಮೇಲೆ ಮಳೆ! ನನ್ನತ್ರ ಹೇಳಿದ್ದರೆ ನಾನೇ ಉಜ್ಜಿ ಕೊಡ್ತಿದ್ದೆನಲ್ಲೇ!" ಹೇಳುತ್ತಾ ಹೇಳುತ್ತಾ ತಂಗಿಯ ಭುಜಕ್ಕೆ ಒಂದು ಏಟು ಹಾಕಿದರು, ಇನ್ನೊಂದು ಹಾಕಿದರು, ಆ ಭುಜದ ಮೇಲೆಯೇ ತಲೆಯಿಟ್ಟು ಅತ್ತರು. "ನೀನು ಎದುರಿಗೆ ಕೂತು ನೋಡ್ತಿದ್ದಿ, ನಾನು ಒಬ್ಬಳೇ ಉಣ್ಣುತ್ತಿದ್ದೆ. ಗಂಟಲಲ್ಲಿ ಅನ್ನ ಇಳೀತಿತ್ತು ಅಂತ ಎಣಿಸಿದ್ದಿಯಾ?"

ಆ ದಿನ ಇಬ್ಬರೂ ಒಂದೇ ಪಂಕ್ತಿಯಲ್ಲಿ, ಪಕ್ಕಪಕ್ಕದಲ್ಲಿ, ಎಲೆ ಹಾಕಿಕೊಂಡು ಕೂತರು. ಮೊದಲನೇ ಪಂಕ್ತಿ. ನಾನು ಬಡಿಸಿದೆ. ನನ್ನ ಅಮ್ಮನಿಗೆ ಅಲ್ಲಿಂದಲೇ ವೀಡಿಯೋ ಕಾಲ್ ಮಾಡಿ ತೋರಿಸೋಣ ಅನಿಸಿತು, ತಡೆದುಕೊಂಡೆ. ಮೂರು ಸಲ ಪಾಯಸ ಬಡಿಸಿದರೂ ಅತ್ತೆ ಕೈ ಅಡ್ಡ ಹಿಡಿಯಲಿಲ್ಲ.

ಹೊರಡುವಾಗ ದೊಡ್ಡತ್ತೆ ನಮ್ಮ ಖಾಲಿ ಬಾಟಲಿಯನ್ನು ಕೇಳಿ ತೆಗೆದುಕೊಂಡರು. ಸೊಸೆಯ ಕೈಗೆ ಕೊಡದೆ, ತಾವೇ ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಬಟ್ಟೆಯಲ್ಲಿ ನೀರು ಸೋಸಿ, ಗಿಂಡಿಯ ಮೂತಿಯಿಂದ ಒಂದು ಹನಿ ಚೆಲ್ಲದೆ ಬಾಟಲಿಗೆ ತುಂಬಿಸಿದರು. "ದಾರಿಯಲ್ಲಿ ಕುಡಿ" ಎಂದರು.

ಬಸ್ಸು ವೇಣೂರು ಮುಟ್ಟುವ ಮೊದಲೇ ಅತ್ತೆ ಬಾಟಲಿಯಲ್ಲಿ ಮುಕ್ಕಾಲು ಪಾಲು ಮುಗಿಸಿದ್ದರು. ನನಗೆ ಗಾಬರಿ. "ಸಾಕು ಅತ್ತೆ, ಬೆಳ್ತಂಗಡಿ ಇನ್ನೂ ದೂರ ಉಂಟು. ಕೊಳವೆ ಸಹ ಮುಗೀತು."

"ಮುಗಿದರೆ ಮುಗೀಲಿ" ಎಂದು ಅತ್ತೆ ಬಾಟಲಿಯ ಮುಚ್ಚಳ ಮತ್ತೆ ತಿರುಗಿಸಿ ತೆಗೆದರು. "ಅಕ್ಕನ ಮನೆಯ ನೀರು ಕುಡಿಯದೆ ಎಷ್ಟು ವರ್ಷ ಆಯಿತು ಗೊತ್ತುಂಟಾ ನಿನಗೆ?"