ಶ್ಪೈಯರ್‌ಗೆ ಹೋಗುವ ಬಸ್ಸು

ಹೋದ ಭಾನುವಾರ ಪರ್ತ್ ಹತ್ತಿರದ ಸ್ವಾನ್ ವ್ಯಾಲಿಯಲ್ಲಿ ಒಂದು ಸಣ್ಣ ಸಂತೆಗೆ ಹೋಗಿದ್ದೆ. ದ್ರಾಕ್ಷಿ ತೋಟದ ಪಕ್ಕದ ಬಯಲಿನಲ್ಲಿ ಹತ್ತಾರು ಡೇರೆ; ಜೇನು, ಚೀಸು, ಸೋಪು, ಅದೂ ಇದೂ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಸಾಕಪ್ಪಾ ಎಂದು ಕಾರಿನ ಕಡೆ ಹೊರಟಿದ್ದೆ. ಆಗ ಬಂತು ಆ ವಾಸನೆ. ಬಾಣಲೆಯಲ್ಲಿ ಸಕ್ಕರೆ ಕರಗಿ, ಚಕ್ಕೆಪುಡಿ ಸೇರಿ, ಬಾದಾಮಿಗೆ ಅಂಟಿಕೊಂಡು, ಇನ್ನೇನು ಸೀಯಬೇಕು ಅನ್ನುವಷ್ಟರಲ್ಲಿ ಏಳುತ್ತದಲ್ಲ, ಆ ವಾಸನೆ. ಕಾಲು ಅಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂದದ್ದನ್ನು ಒಲೆಯ ಹೊಗೆಯ ತಲೆಗೆ ಕಟ್ಟಿ ಒಂದು ಪೊಟ್ಟಣ ಕೊಂಡೆ.

ನಮ್ಮ ಪಕ್ಕದ ಮನೆಯ ಡಾಕ್ಟರ್ ಅಂಕಲ್ ಇದನ್ನು ಜರ್ಮನ್ ಚಿಕ್ಕಿ ಎನ್ನುತ್ತಿದ್ದರು.

ನಾವು ಹ್ಯಾರಿಸ್‌ಡೇಲ್‌ಗೆ ಬಂದಾಗ ನಮ್ಮ ಬೀದಿಯಲ್ಲಿ ಇದ್ದ ಇನ್ನೊಂದು ಕನ್ನಡದ ಮನೆ ಅವರದೇ. ಮೈಸೂರಿನವರು. ವಯಸ್ಸಿನಲ್ಲಿದ್ದಾಗ ಜರ್ಮನಿಯ ಹೈಡೆಲ್‌ಬರ್ಗ್‌ನ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ತರಬೇತಿಗೆ ಇದ್ದು, ಆಮೇಲೆ ಪರ್ತ್‌ಗೆ ಬಂದು, ಇಲ್ಲೇ ಕ್ಲಿನಿಕ್ ನಡೆಸಿ ನಿವೃತ್ತರಾಗಿದ್ದರು. ಇಡೀ ಆಯುಷ್ಯದಲ್ಲಿ ಆ ಎರಡು ವರ್ಷವೇ ಅವರಿಗೆ ದೊಡ್ಡದು. ನಮ್ಮ ಹಿತ್ತಲಿನ ಬಾರ್ಬೆಕ್ಯೂ ಒಲೆಯಲ್ಲಿ ಜೋಳ, ಪನೀರು ಸುಡುತ್ತಿದ್ದರೆ ಇಕ್ಕಳ ಕೈಯಲ್ಲಿ ಹಿಡಿದುಕೊಂಡೇ ಶುರುಮಾಡುತ್ತಿದ್ದರು. ಹೈಡೆಲ್‌ಬರ್ಗ್‌ನ ಕೆಂಪು ಕಲ್ಲಿನ ಹಾಳು ಕೋಟೆ, ಕೆಳಗೆ ನೆಕ್ಕರ್ ನದಿ, ಹಳೇ ಸೇತುವೆ. ರಜೆಯ ದಿನ ಕೋಟಿನ ಜೇಬಿಗೆ ಬಾದಾಮಿ ಸುರಿದುಕೊಂಡು ಬಸ್ಸು ಹತ್ತಿದರೆ ಶ್ಪೈಯರ್. ಅಲ್ಲಿ ಸಾವಿರ ವರ್ಷದ ದೊಡ್ಡ ಚರ್ಚು, ಅದರ ನೆಲಮಾಳಿಗೆಯಲ್ಲಿ ರಾಜರ ಸಮಾಧಿಗಳು. "ಅದರ ಮುಂದೆ ನಿಂತ್ರೆ ನಾವೆಲ್ಲ ಇರುವೆ ಕಣಮ್ಮ" ಎನ್ನುತ್ತಿದ್ದರು. ಅಷ್ಟರಲ್ಲಿ ಜೋಳ ಸೀದು ಕರಕಲಾಗಿರುತ್ತಿತ್ತು.

ಆಂಟಿ ಆ ಊರುಗಳನ್ನು ನೋಡಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅಂಕಲ್ ಕರೆದುಕೊಂಡು ಹೋಗುತ್ತೇನೆ ಅಂದಿದ್ದರಂತೆ. ಆಮೇಲೆ ಡ್ಯೂಟಿ, ಮನೆ ಸಾಲ, ಮಕ್ಕಳ ಓದು, ಮಕ್ಕಳ ಮದುವೆ... ಮಗ ಬ್ರಿಸ್ಬೇನ್ ಸೇರಿದ, ಮಗಳು ಅಡಿಲೇಡ್ ಸೇರಿದಳು, ಹೈಡೆಲ್‌ಬರ್ಗ್ ಇದ್ದಲ್ಲೇ ಉಳಿಯಿತು. ಅಂಕಲ್ ಕಥೆ ಹೇಳುವಾಗ ಆಂಟಿ ಸುಮ್ಮನೆ ಸೌತೆಕಾಯಿ ಹೆಚ್ಚುತ್ತಾ, ಅವರು ಬಿಟ್ಟ ಮಾತನ್ನು ತಾವು ಸೇರಿಸುತ್ತಿದ್ದರು. ಅಷ್ಟು ಬಾಯಿಪಾಠವಾಗಿತ್ತು.

ಮೊದಲು ಎಡವಟ್ಟಾದದ್ದು ಬಿನ್ನಿನ ವಿಷಯದಲ್ಲಿ. ಕಸದ ಲಾರಿ ಬರುವುದು ಬುಧವಾರ. ಅಂಕಲ್ ಭಾನುವಾರವೇ ಬಿನ್ನನ್ನು ಬೀದಿಗೆ ಎಳೆದು ತಂದಿಡುತ್ತಿದ್ದರು. ನಾನು ಸಾಫ್ಟ್‌ವೇರ್ ಟೆಸ್ಟರ್, ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಮನೆಯಲ್ಲೂ ಅದೇ ಚಾಳಿ. "ಅಂಕಲ್, ಇವತ್ತಲ್ಲ" ಎಂದು ಬೇಲಿಯಾಚೆಯಿಂದ ಕೂಗಿ ಹೇಳುತ್ತಿದ್ದೆ, ಅವರು ನಕ್ಕು ಮತ್ತೆ ಒಳಗೆ ಎಳೆದುಕೊಂಡು ಹೋಗುತ್ತಿದ್ದರು. ಆಮೇಲೊಂದು ದಿನ ಎರಡು ಬೀದಿ ಆಚೆಯ ಸರ್ವೋ ಬಂಕಿಗೆ ಪೆಟ್ರೋಲ್ ಹಾಕಿಸಲು ಹೋದವರು ಮನೆಗೆ ಬರುವ ದಾರಿ ತಿಳಿಯದೆ ಅಲ್ಲೇ ಕಾರಿನಲ್ಲಿ ಕೂತಿದ್ದರು. ನನ್ನ ಗಂಡ ಹೋಗಿ ಕರೆತಂದರು.

ಆ ವಾರವೇ ಆಂಟಿ ಒಂದು ಡಬ್ಬಿ ಮೆಣಸಿನ ಸಾರು ಹಿಡಿದುಕೊಂಡು ಬಂದು ನಮ್ಮ ಅಡುಗೆಮನೆಯಲ್ಲಿ ಕೂತರು.

"ಟೆಸ್ಟೆಲ್ಲ ಆಯ್ತಮ್ಮ. ಇನ್ಮೇಲೆ ಒಂದೊಂದಾಗಿ ಮರೀತಾ ಹೋಗ್ತಾರಂತೆ. ಅವರಿಗೂ ಗೊತ್ತು, ಡಾಕ್ಟರೇ ಅಲ್ವಾ" ಅಂದರು. ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ಒರೆಸುತ್ತಿದ್ದು, "ಇಷ್ಟು ವರ್ಷ ಆ ಊರಿನ ಕಥೆ ಕೇಳ್ತಾ ಬಂದೆ. ಅವರು ಮರೆಯೋ ಮುಂಚೆ ಒಂದ್ಸಲ ಅವರ ಕೈಯಲ್ಲೇ ತೋರಿಸ್ಕೋಬೇಕು ನಾನು. ಮಕ್ಕಳಿಗೆ ರಜ ಇಲ್ಲ. ನೀವಿಬ್ರೂ ಜೊತೆಗೆ ಬರ್ತೀರಾ?" ಎಂದರು.

ಬರುತ್ತೇವೆ ಎಂದೆ. ಬಾಗಿಲ ತನಕ ಹೋದವರು ತಿರುಗಿ, "ಒಂದು ಮಾತು. ಅಲ್ಲಿ ಅವರೇ ಗೈಡು. ಎಲ್ಲಿಗೆ ಕರ್ಕೊಂಡು ಹೋಗ್ತಾರೋ ಅಲ್ಲಿಗೇ ಹೋಗೋಣ. ನೀನು ತಿದ್ದಬೇಡ, ಆಯ್ತಾ?" ಎಂದರು. ನನ್ನ ಬಾಯಿಯ ಬಗ್ಗೆ ಬೀದಿಗೆಲ್ಲ ಗೊತ್ತಿತ್ತು.

೨೦೧೫ರ ಡಿಸೆಂಬರಿನಲ್ಲಿ ಹೋದೆವು. ಮೊದಲ ದಿನ ಹೈಡೆಲ್‌ಬರ್ಗ್‌ನಲ್ಲಿ ಅಂಕಲ್‌ಗೆ ವಯಸ್ಸೇ ಇಳಿದುಹೋಗಿತ್ತು. ಕಲ್ಲುಹಾಸಿನ ಓಣಿಗಳಲ್ಲಿ ನಮಗಿಂತ ಮುಂದೆ ಮುಂದೆ ನಡೆದರು. ಕೋಟೆ ತೋರಿಸಿದರು, ನೆಲಮಾಳಿಗೆಯ ದೈತ್ಯ ವೈನ್ ಪೀಪಾಯಿ ತೋರಿಸಿದರು, ತಾವು ಬಾಡಿಗೆಗಿದ್ದ ಮನೆಯ ಕಿಟಕಿಯನ್ನೂ ತೋರಿಸಿದರು. ಚಳಿಗೆ ನಮ್ಮ ಹಲ್ಲು ಕಟಕಟ ಅನ್ನುತ್ತಿತ್ತು. ಕ್ರಿಸ್‌ಮಸ್ ಸಂತೆಯಲ್ಲಿ ಬಿಸಿ ಬಾದಾಮಿ ಕೊಂಡು, ಮೊದಲ ಕಾಳನ್ನು ಆಂಟಿಯ ಕೈಗಿಟ್ಟು, "ತಿನ್ನೇ, ಇದೇ ನಾನು ಹೇಳ್ತಿದ್ದ ಚಿಕ್ಕಿ" ಎಂದರು. ಒಂದು ತಪ್ಪೂ ಇಲ್ಲ. ಟೆಸ್ಟು ಮಾಡಿದವರೇ ತಪ್ಪು ಹೇಳಿರಬೇಕು ಎಂದು ರಾತ್ರಿ ಗಂಡನ ಹತ್ತಿರ ಅಂದೆ.

ಆದರೆ ಆ ಸಂಜೆಯೇ ಒಂದು ಮಾತಾಗಿತ್ತು. ಹಳೇ ಸೇತುವೆಯ ತುದಿಯಲ್ಲಿ ಒಂದು ಕಂಚಿನ ಕೋತಿ ಇದೆ. ಅದರ ಬೆರಳು ಮುಟ್ಟಿದವರು ಮತ್ತೆ ಆ ಊರಿಗೆ ಬರುತ್ತಾರಂತೆ. "ಊರು ಬಿಡೋ ದಿನ ಮುಟ್ಟಿದ್ದೆ, ನೋಡು, ಬಂದೆ" ಎಂದು ನಕ್ಕು, ನಮ್ಮೆಲ್ಲರ ಕೈ ಹಿಡಿದು ಮುಟ್ಟಿಸಿದರು. ತಾವು ಮುಟ್ಟಲಿಲ್ಲ. ಯಾಕೆ ಅಂಕಲ್ ಎಂದೆ.

"ಬೇಡಮ್ಮ. ಇನ್ನೊಂದ್ಸಲ ಬಂದ್ರೂ ನಂಗೆ ಗೊತ್ತಾಗಲ್ಲ" ಎಂದರು, ಆಂಟಿಗೆ ಕೇಳಿಸದ ಹಾಗೆ.

ಮರುದಿನ ಶ್ಪೈಯರ್. ದಾರಿಯುದ್ದಕ್ಕೂ ಮಂಜು, ಬಸ್ಸಿನ ಕಿಟಕಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಆಂಟಿ ಸೂಟ್‌ಕೇಸಿನಲ್ಲಿ ಮಡಿಸಿ ತಂದಿದ್ದ ರೇಷ್ಮೆ ಸೀರೆ ಉಟ್ಟು, ಮೇಲೆ ದಪ್ಪ ಕೋಟು ಹಾಕಿಕೊಂಡಿದ್ದರು. ಅಂಕಲ್ ಮೊದಮೊದಲು ಮಾತಾಡುತ್ತಿದ್ದವರು ಬರುಬರುತ್ತಾ ಸುಮ್ಮನಾದರು. ಊರಿನ ಹಳೆಯ ಹೆಬ್ಬಾಗಿಲ ಹತ್ತಿರ ಇಳಿದಾಗ ಮಂಜು ಕರಗಿತ್ತು. ಎದುರಿಗೆ ನೇರವಾದ ಅಗಲ ಬೀದಿ. ಅದರ ತುದಿಯಲ್ಲಿ ಆ ಚರ್ಚು. ಮಗುವಿಗೂ ಗೊತ್ತಾಗುವ ಹಾಗೆ ನಿಂತಿತ್ತು. ಅಂಕಲ್ ಆ ಕಡೆ ನೋಡಿದರು, ಈ ಕಡೆ ನೋಡಿದರು. ಆಮೇಲೆ ಅದಕ್ಕೆ ಬೆನ್ನು ಹಾಕಿ, "ಬನ್ನಿ, ಹೀಗೇ" ಎಂದು ನಡೆಯತೊಡಗಿದರು.

ನನ್ನ ನಾಲಿಗೆ ತುದಿಗೆ ಬಂದಿತ್ತು. ಗಂಡ ನನ್ನ ತೋಳು ಹಿಡಿದು, "ಸುಮ್ನಿರೇ" ಅಂದರು. ಆಂಟಿ ಅದನ್ನು ನೋಡಿದ್ದರೋ ಇಲ್ಲವೋ ಗೊತ್ತಿಲ್ಲ, ಅಂಕಲ್ ಕೈಯೊಳಗೆ ಕೈ ಸೇರಿಸಿ ಹೊರಟೇಬಿಟ್ಟರು.

ಸುತ್ತಿದೆವು, ಸುತ್ತಿದೆವು. ಯಾರದೋ ಮನೆಗಳ ಹಿತ್ತಲು, ಕಾರು ನಿಲ್ಲಿಸುವ ಜಾಗ, ಒಂದು ಶಾಲೆ. ಅಂಕಲ್ ಮುಖದಲ್ಲಿ ಅಂಥ ಚಳಿಯಲ್ಲೂ ಬೆವರು. "ಇಲ್ಲೇ ಇತ್ತಲ್ಲ, ಇಲ್ಲೇ..." ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಕೊನೆಗೆ ಸಣ್ಣ ಗೋಪುರಗಳಿದ್ದ ಒಂದು ಹಳೆಯ ದೊಡ್ಡ ಕಟ್ಟಡದ ಮುಂದೆ ನಿಂತರು. ಒಳಗೆಲ್ಲ ಅಂಗಡಿ. ಜನ ಕೈಚೀಲ ತುಂಬಿಕೊಂಡು ಬರುತ್ತಿದ್ದರು, ಹೋಗುತ್ತಿದ್ದರು.

"ಇದೇ ನೋಡೇ" ಎಂದರು ಅಂಕಲ್. "ಇದರ ಕೆಳಗೇ ರಾಜರನ್ನೆಲ್ಲ ಮಲಗಿಸಿರೋದು. ಸಾವಿರ ವರ್ಷ ಆಯ್ತು."

ಆಂಟಿ ಚಪ್ಪಲಿ ಅಂಗಡಿಯ ಬೋರ್ಡಿನ ಮೇಲಕ್ಕೆ ತಲೆಯೆತ್ತಿ ನೋಡಿದರು. ನಿಧಾನವಾಗಿ, ಮೇಲಿಂದ ಕೆಳಗಿನವರೆಗೆ ನೋಡಿದರು. "ಎಷ್ಟು ಎತ್ತರ ಇದೆ ರೀ" ಎಂದರು. "ನೀವು ಹೇಳ್ತಿದ್ದ ಹಾಗೇ ಇದೆ." ಅಂಕಲ್ ಉಸಿರು ಬಿಟ್ಟು, ಮೆಟ್ಟಿಲ ಮೇಲೆ ಕೂತು, ಜೇಬಿನಿಂದ ಬಾದಾಮಿ ತೆಗೆದು ಎಲ್ಲರಿಗೂ ಕೊಟ್ಟರು. ನಾನು ಬಾದಾಮಿಯನ್ನು ಬಾಯಿಗೆ ಹಾಕಿಕೊಂಡು ಬಾಯಿ ಮುಚ್ಚಿಕೊಂಡೆ.

ವಾಪಸು ಬರುವಾಗ ಬಸ್ಸು ರೈನ್ ನದಿಯ ಸೇತುವೆ ಹತ್ತಿತು. ಎಲೆ ಉದುರಿದ ಮರಗಳಾಚೆ ಚರ್ಚಿನ ನಾಲ್ಕೂ ಗೋಪುರ ಎದ್ದು ಕಂಡವು. ಕಿಟಕಿಯ ಪಕ್ಕ ಕೂತಿದ್ದ ಆಂಟಿ ಹಣೆಯನ್ನು ಗಾಜಿಗೆ ಒತ್ತಿ, ಅದು ಮರೆಯಾಗುವ ತನಕ ನೋಡಿದರು.

"ಏನೇ ಅದು?" ಎಂದರು ಅಂಕಲ್.

"ಏನಿಲ್ಲ ರೀ. ಬೇರೆ ಯಾವುದೋ ಚರ್ಚು."

ನಾಳೆ ಅಂಕಲ್ ಮಲಗಿರುವಾಗ ನಾವಿಬ್ಬರೇ ಆ ಚರ್ಚಿಗೆ ಹೋಗಿ ಬರೋಣವೇ ಎಂದು ಹೋಟೆಲಿನಲ್ಲಿ ಆಂಟಿಯನ್ನು ಕೇಳಿದೆ. ಸೀರೆ ಮಡಿಸುತ್ತಿದ್ದವರು ತಲೆಯಾಡಿಸಿ ಬೇಡವೆಂದರು. ಮತ್ತೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಪರ್ತ್‌ಗೆ ಮರಳಿದ ಮೇಲೆ ಆಂಟಿ ಎರಡು ವರ್ಷ ಅವರನ್ನು ಮನೆಯಲ್ಲೇ ನೋಡಿಕೊಂಡರು. ಅಂಕಲ್ ರಾತ್ರಿ ಬಾಗಿಲು ತೆಗೆದು ಹೊರಗೆ ಹೋಗಲು ಶುರುಮಾಡಿದ ಮೇಲೆ ಗತಿಯಿಲ್ಲದೆ ಜೂಂಡಲಪ್ ಕಡೆಯ ಒಂದು ಕೇರ್ ಹೋಮಿಗೆ ಸೇರಿಸಿದರು. ಅದರ ಹಿಂದಿನ ಅಂಗಳದಲ್ಲಿ ಒಂದು ಬಸ್ ಸ್ಟಾಪ್ ಇತ್ತು. ಕಂಬ, ಬೋರ್ಡು, ಬೆಂಚು ಎಲ್ಲ ಇತ್ತು. ಬಸ್ಸು ಮಾತ್ರ ಬರುವುದಿಲ್ಲ. ಮನೆಗೆ ಹೋಗಬೇಕು ಎಂದು ಹಟ ಹಿಡಿಯುವವರು ಅಲ್ಲಿ ಕೂತು ಸಮಾಧಾನವಾಗಲಿ ಎಂದು ಮಾಡಿಟ್ಟದ್ದಂತೆ. ಅದನ್ನು ಕಂಡ ಮೊದಲ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಇಂಥ ಸುಳ್ಳು ಯಾಕೆ ಎಂದು ಅಲ್ಲಿನ ನರ್ಸಿನ ಜೊತೆ ಜಗಳಕ್ಕೇ ನಿಂತಿದ್ದೆ. ಆಮೇಲೆ ಶ್ಪೈಯರ್ ನೆನಪಾಗಿ ಸುಮ್ಮನಾದೆ.

ಕೊನೆಯ ಸಲ ನೋಡಿದ್ದು ಅಲ್ಲೇ. ಒಂದು ಮಧ್ಯಾಹ್ನ ಅಂಕಲ್ ಆ ಬಿಸಿಲಲ್ಲೂ ಜರ್ಮನಿಯ ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಆಂಟಿ. ನನ್ನ ಗುರುತು ಹತ್ತಲಿಲ್ಲ. ತುಂಬ ಮರ್ಯಾದೆಯಿಂದ ಜರುಗಿ ಜಾಗ ಮಾಡಿಕೊಟ್ಟರು.

"ನೀವೂ ಶ್ಪೈಯರ್‌ಗಾ?" ಎಂದರು. "ಚೆನ್ನಾಗಿದೆ, ನೋಡಿ. ನಮ್ಮನೆಯವಳಿಗೆ ಒಂದ್ಸಲ ತೋರಿಸ್ಬೇಕು. ಪಾಪ, ಅವಳಿನ್ನೂ ನೋಡಿಲ್ಲ."

"ಹೌದು ರೀ, ನೋಡಿಲ್ಲ" ಎಂದರು ಆಂಟಿ. "ಕರ್ಕೊಂಡು ಹೋಗಿ."

ತಿದ್ದಲು ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಸಂಕಟವಾಯಿತು. ಮೂವರೂ ರಸ್ತೆಯೇ ಇಲ್ಲದ ಆ ಹುಲ್ಲಿನ ಕಡೆ ನೋಡುತ್ತಾ ಕೂತಿದ್ದೆವು...

ಆ ಚಳಿಗಾಲದಲ್ಲಿ ಅಂಕಲ್ ಹೋಗಿಬಿಟ್ಟರು. ಆಂಟಿ ಮನೆ ಮಾರಿ ಅಡಿಲೇಡ್‌ಗೆ, ಮಗಳ ಹತ್ತಿರ ಹೋದರು.

ಭಾನುವಾರ ಸಂತೆಯಿಂದ ಬಂದು ಕಾರಿನಲ್ಲಿ ಕೂತು, ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಆಂಟಿಗೆ ಫೋನ್ ಮಾಡಿದೆ. ಬಾದಾಮಿಯ ವಿಷಯ ಹೇಳಿದೆ. ತಡೆಯಲಾಗದೆ, "ಆಂಟಿ, ಈ ಡಿಸೆಂಬರಿನಲ್ಲಿ ಹೋಗೋಣ್ವಾ? ನಾನು ಕರ್ಕೊಂಡು ಹೋಗ್ತೀನಿ. ಆ ಚರ್ಚನ್ನ ಹತ್ತಿರದಿಂದ ನೋಡ್ಬಿಡಿ" ಎಂದೆ.

"ಬೇಡಮ್ಮ" ಎಂದರು. "ಅದನ್ನ ನೋಡ್ಬಿಟ್ರೆ ಅವರು ತೋರಿಸಿದ್ದು ಸುಳ್ಳಾಗಿಬಿಡುತ್ತೆ."

ಬಾದಾಮಿ ತಿನ್ನಲು ಆಗಲಿಲ್ಲ, ಹಾಗೇ ಮನೆಗೆ ತಂದೆ. ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯ ಜನ. ಬಿನ್ನನ್ನು ಬುಧವಾರವೇ ಹೊರಗಿಡುತ್ತಾರೆ. ಭಾನುವಾರ ಖಾಲಿ ಬೀದಿ ನೋಡಿದಾಗಲೆಲ್ಲ ನನಗೆ ಅಳು ಬರುತ್ತದೆ.