ಹನ್ನೆರಡನೇ ನಂಬರಿನ ತಂತಿ

ನನ್ನನ್ನು ಮೊದಲ ಸಲ ನೋಡುವ ಗಿಟಾರ್ ಅಂಗಡಿಯವರು ನಾನು ಬಾಯಿ ಬಿಡುವ ಮೊದಲೇ ಒಂಬತ್ತನೇ ನಂಬರಿನ ತಂತಿಯ ಪ್ಯಾಕೆಟ್ ತೆಗೆದು ಮುಂದಿಡುತ್ತಾರೆ. ಹೆಂಗಸು, ಪಾಪ, ಬೆರಳು ನೋಯುತ್ತದೆ, ತೆಳುವಾದದ್ದೇ ಇರಲಿ ಎಂಬ ಕರುಣೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಹನ್ನೆರಡು ಕೊಡಿ ಎನ್ನುತ್ತೇನೆ. ಎಲೆಕ್ಟ್ರಿಕ್ ಗಿಟಾರಿಗೆ ಅದು ತುಂಬಾ ದಪ್ಪ ಮೇಡಂ ಎಂದು ಅವರು ಪಾಠ ಶುರು ಮಾಡುತ್ತಾರೆ. ಗೊತ್ತು, ಕೊಡಿ ಎನ್ನುತ್ತೇನೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ, ಮುಚ್ಚಿಡುವುದೇನಿಲ್ಲ. ಆದರೆ ಆ ನಂಬರನ್ನು ಮೊದಲು ಆರಿಸಿದವಳು ನಾನಲ್ಲ, ನಮ್ಮವ್ವ. ಅದೂ ತಪ್ಪಿ ಆರಿಸಿದ್ದು.

ನಮ್ಮದು ಸೇಲಂ ಪೇಟೆಯ ಕನ್ನಡ ನೇಕಾರರ ಮನೆ. ಬೀದಿಗಿಳಿದರೆ ತಮಿಳು, ಒಳಗೆ ಬಂದರೆ ಎರಡೂ ಕಲಸಿದ ನಮ್ಮ ಕನ್ನಡ. ನಡುಮನೆಯಲ್ಲಿ ಗುಂಡಿಮಗ್ಗ, ಅದರಲ್ಲಿ ಅವ್ವ. ಹತ್ತಿ ಸೀರೆ ನೇಯುವುದರಲ್ಲಿ ನಮ್ಮ ಬೀದಿಯಲ್ಲಿ ಅವಳ ಕೈಗೆ ಸಮನಾದ ಕೈ ಇರಲಿಲ್ಲ. ನೂಲಿನ ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಹೊಸೆದು ಇದು ಎಂಬತ್ತು, ಇದು ನೂರು ಎಂದು ಹೇಳಿಬಿಡುತ್ತಿದ್ದಳು. ಹತ್ತಿನೂಲಿನಲ್ಲಿ ನಂಬರ್ ಏರಿದಷ್ಟೂ ಎಳೆ ಸಣ್ಣದಾಗುತ್ತದೆ. ಅರವತ್ತು ಒರಟು, ನೂರಿಪ್ಪತ್ತು ಕೂದಲಿನಷ್ಟು ನಯ. ಹುಟ್ಟಿದಾಗಿನಿಂದ ಇದೇ ಲೆಕ್ಕ ಕೇಳಿ ಬೆಳೆದ ಮನೆ ನಮ್ಮದು.

ಗಿಟಾರು ಬಂದದ್ದು ನಂಗವಳ್ಳಿಯಿಂದ, ಅವ್ವನ ತಮ್ಮನ ಕಡೆಯಿಂದ. ಮಾವ ಕಾಲೇಜಿನ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಬಾರಿಸಿ, ಆಮೇಲೆ ಹೊಲ ಮನೆ ಎಂದು ಬಿಟ್ಟಿದ್ದ. ಮೂರು ವರ್ಷದಿಂದ ಅದು ನನ್ನ ಕೈಯಲ್ಲಿತ್ತು, ಆದರೆ ಅವನದೇ. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಓಮಲೂರಿನ ಒಂದು ಆರ್ಕೆಸ್ಟ್ರಾದವರು ಗಿಟಾರ್ ಬಾರಿಸುವವರನ್ನು ಹುಡುಕುತ್ತಿದ್ದಾರೆ, ಭಾನುವಾರ ಬಂದು ಬಾರಿಸಿ ತೋರಿಸಬೇಕು ಎಂಬ ಸುದ್ದಿ ಬಂತು. ಮಾವ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ: "ಅವ್ರು ನಿನ್ನ ತಗೊಂಡ್ರೆ ಗಿಟಾರ್ ನಿಂದೇ. ಇಲ್ಲಾ ಅಂದ್ರೆ ಸೋಮವಾರ ಬಂದು ಎತ್ಕೊಂಡ್ ಓಯ್ತೀನಿ. ನನ್ ಫ್ರೆಂಡ್ ಒಬ್ಬ ಕೇಳ್ತಾವ್ನೆ." ಗಿಟಾರಿಲ್ಲದ ಮನೆಯನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಆ ಗುರುವಾರವೇ ಎಲ್ಲಕ್ಕಿಂತ ತೆಳುವಾದ ಮೊದಲನೇ ತಂತಿ ಪಟ್ಟನೆ ಹರಿಯಿತು. ಉಳಿದವೂ ತುಕ್ಕು ಹಿಡಿದಿದ್ದವು. ವಿಪರೀತ ಅಭ್ಯಾಸ ಮಾಡಿ ನನ್ನ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದಿತ್ತು. ಮರುದಿನ ನನಗೆ ಪರೀಕ್ಷೆ, ಅವ್ವನಿಗೆ ನೇಯ್ದ ಸೀರೆಗಳನ್ನು ಒಪ್ಪಿಸಲು ಅಂಗಡಿ ಬೀದಿಗೆ ಹೋಗುವುದಿತ್ತು. ಹಾಗೇ ಗಿಟಾರ್ ಅಂಗಡಿಯಲ್ಲಿ ಆರು ತಂತಿಯ ಪ್ಯಾಕೆಟ್ ಕೇಳು, ಸಣ್ಣದಾಗಿರಲಿ ಎಂದಷ್ಟೇ ಅವಳಿಗೆ ಹೇಳಿ ಪರೀಕ್ಷೆಗೆ ಓಡಿದೆ. ನಂಬರ್ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನೂಲಿನ ವಿಷಯದಲ್ಲಿ ಅವ್ವನಿಗೆ ಬುದ್ಧಿ ಹೇಳಿ ನಮ್ಮ ಮನೆಯಲ್ಲಿ ಯಾರಿಗೂ ರೂಢಿಯಿರಲಿಲ್ಲ.

ಸಂಜೆ ನಾನು ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಏನೋ ಗೆದ್ದುಬಂದ ಕಳೆ.

"ಇರೋದ್ರಾಗೆಲ್ಲಾ ಸಣ್ಣದು ತಂದಿವ್ನಿ ನೋಡೇ. ಅಂಗಡಿಯೋನು ಒಂಬತ್ತು, ಅತ್ತು, ಅನ್ನೊಂದು, ಅನ್ನೆರಡು ಐತೆ ಅಂದ. ನಾನು ಅನ್ನೆರಡೇ ಕೊಡಪ್ಪಾ ಅಂದೆ. ಪನ್ನೆಂಡಾ, ನಿಜಮಾವಾಮ್ಮಾ ಅಂತ ಎಲ್ಡೆಲ್ಡು ಸಲ ಕೇಳ್ದ. ನಂಗೇನು ತಿಳೀದಾ ಅಂತ ಬೈದು ತಂದೆ!"

ಅಷ್ಟರಲ್ಲಿ ನಾನು ಪ್ಯಾಕೆಟ್ಟನ್ನು ಹರಿದಾಗಿತ್ತು. ಗಿಟಾರ್ ತಂತಿಯ ನಂಬರು ನೇರವಾಗಿ ಮೊದಲನೇ ತಂತಿಯ ದಪ್ಪದ ಅಳತೆ, ಇಂಚಿನ ಸಾವಿರ ಪಾಲಿನಲ್ಲಿ ಎಷ್ಟು ಎಂದು. ಒಂಬತ್ತು ತೆಳು, ಹನ್ನೆರಡು ಉಕ್ಕಿನ ಕಂಬಿ. ಅವ್ವ ನನ್ನ ಮುಖ ನೋಡಿದಳು, ಅದರಲ್ಲಿ ತೀರಾ ಸಣ್ಣ ತಂತಿಯನ್ನು ಎತ್ತಿ ಹೊಸೆದಳು, ಕಿಟಕಿಯ ಮೇಲೆ ಬಿದ್ದಿದ್ದ ಹರಿದ ಹಳೆಯ ತಂತಿಯನ್ನೂ ಹೊಸೆದಳು.

"ಲೇ, ಇದು ದಪ್ಪ ಕಣೇ," ಎಂದಳು. ಆಮೇಲೆ ನಿಜವಾಗಿಯೂ ಸಿಟ್ಟಾಗಿ, "ಅದೇನ್ ಜನಾನೋ! ನಂಬರ್ ಏರಿದ್ರೆ ದಪ್ಪ ಆಯ್ತದಾ? ತಲೆಕೆಳಗಾ ಎಣಿಸ್ತಾರಾ ಅವ್ರು?"

ಇಂದು ನೆನೆದರೆ ನಗು ಬರುತ್ತದೆ. ಅಂದು ಬರಲಿಲ್ಲ. "ತಿಳೀದಿದ್ರೆ ಕೇಳ್ಬೇಕು. ಮಗ್ಗ ಬಿಟ್ರೆ ನಿಂಗೇನ್ ಗೊತ್ತೈತೆ?" ಎಂದುಬಿಟ್ಟೆ. ಅವ್ವ ಬೆಳಗ್ಗೆ ಹೋಗಿ ಬೇರೆ ತರುತ್ತೇನೆ ಎಂದಳು. ಬೇಡ, ಇದನ್ನೇ ಹಾಕಿ ಸಾಯುತ್ತೇನೆ ಎಂದೆ. ಅವಳು ಮಗ್ಗಕ್ಕಿಳಿದು ಕೂತಳು, ಆದರೆ ಲಾಳಿ ಓಡುವ ಸದ್ದು ಕೇಳಲಿಲ್ಲ. ನಾನು ಆಡಿದ ಮಾತಿಗೆ ನನಗೇ ನಾಚಿಕೆಯಾಗುತ್ತಿತ್ತು, ಹಠ ಮಾತ್ರ ಬಿಡಲಿಲ್ಲ.

ಹಾಕಿದೆ. ತೆಳು ಪ್ಯಾಕೆಟ್ಟಿನಲ್ಲಿ ಬರಿದಾಗಿರುವ ಮೂರನೇ ತಂತಿಗೂ ಇಲ್ಲಿ ಜರಿ ಎಳೆಯ ಹಾಗೆ ಮೇಲೊಂದು ಕಂಬಿ ಸುತ್ತಿತ್ತು. ಶ್ರುತಿಗೆ ಬಿಗಿದು ಬೆರಳಿಟ್ಟರೆ ಒತ್ತಲೇ ಆಗುತ್ತಿಲ್ಲ. ಸಿನಿಮಾ ಹಾಡಿನಲ್ಲಿ ಗಿಟಾರು ಅಳಬೇಕಾದ ಕಡೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಬೇಕು. ನನ್ನದು ಅಳಲಿಲ್ಲ, ನಾನು ಅತ್ತೆ. ಬೊಬ್ಬೆ ಒಡೆದು ತಂತಿಗೆ ರಕ್ತ ಹತ್ತಿತು.

ಅವ್ವ ಮಗ್ಗದ ಗುಂಡಿಯಿಂದಲೇ ಕೇಳಿದಳು: "ಯಾಕಷ್ಟು ಬಿಗಿ ಎಳ್ದಿದ್ದೀಯಾ? ಒಸಿ ಇಳ್ಸು."

"ಇಳ್ಸಿದ್ರೆ ಸುರುತಿ ಓಯ್ತದೆ."

"ಒಂದಿಳ್ಸಿದ್ರೆ ಓಯ್ತದೆ. ಎಲ್ಲಾನೂ ಒಂದೇ ಸಮ ಇಳ್ಸಿದ್ರೆ? ಮಗ್ಗದಾಗೆ ಒಂದೆಳೆ ಬಿಗಿ ಒಂದೆಳೆ ಸಡ್ಲ ಆದ್ರೆ ತಾನೇ ಬಟ್ಟೆ ಸೊಟ್ಟಗಾಗೋದು?"

ನಾನು ಮೂರು ವರ್ಷದಿಂದ ಬಾರಿಸುತ್ತಿದ್ದವಳು. ಇದು ನನಗೆ ಹೊಳೆಯಬೇಕಿತ್ತು. ಆರೂ ತಂತಿಗಳನ್ನು ಎರಡೆರಡು ಮನೆಯಷ್ಟು ಕೆಳಗಿಳಿಸಿದೆ. ಗಿಟಾರಿನ ಕತ್ತಿನ ಮೇಲೆ ಅಡ್ಡಪಟ್ಟಿಗಳ ನಡುವೆ ಬೆರಳಿಡುವ ಜಾಗಕ್ಕೆ ನಾನು ಮನೆ ಎನ್ನುತ್ತೇನೆ. ಈಗ ಪ್ರತಿ ಹಾಡನ್ನೂ ಎರಡು ಮನೆ ಮೇಲೆ ಬಾರಿಸಿದರೆ ಶ್ರುತಿ ಸರಿಯಾಗುತ್ತದೆ. ತಂತಿ ಬೆರಳಿಗೆ ಮಣಿಯಿತು. ಅಷ್ಟೇ ಅಲ್ಲ, ಅದರ ದನಿ! ಕಡಾಯಿಗೆ ಬಿದ್ದ ಒಗ್ಗರಣೆಯಂತೆ ಚಟಪಟ ಎನ್ನುತ್ತಿದ್ದ ನನ್ನ ಗಿಟಾರು ಮೊದಲ ಸಲ ಎದೆಯಿಂದ ಮಾತಾಡಿತು. ಶನಿವಾರ ಇಡೀ ದಿನ ಕೂತು ಕೈಗೆ ಹೊಸ ಜಾಗಗಳನ್ನು ಕಲಿಸಿದೆ. ಅವ್ವ ಬೆರಳಿಗೆ ಅರಿಶಿನ ಹಚ್ಚಿದಳು. ಕ್ಷಮಿಸು ಎಂದು ನಾನು ಹೇಳಲಿಲ್ಲ, ನಮ್ಮ ಮನೆಯಲ್ಲಿ ಆ ಮಾತೇ ಬಳಕೆಯಲ್ಲಿಲ್ಲ.

ಭಾನುವಾರ ಅವ್ವನೂ ಜೊತೆಗೆ ಬಂದಳು. ಓಮಲೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಹಡಿ ಕೋಣೆ. ಆರ್ಕೆಸ್ಟ್ರಾದ ಮಾಸ್ಟರು ಹಾರ್ಮೋನಿಯಂ ಮುಂದೆ ಕೂತಿದ್ದರು, ಹಿಂದೊಮ್ಮೆ ಗಿಟಾರಿಸ್ಟ್ ಆಗಿದ್ದವರಂತೆ. ಅವ್ವ ಬಾಗಿಲ ಬಳಿ ಚೀಲ ತೊಡೆಯ ಮೇಲಿಟ್ಟು ಕೂತಳು. ಅವರು ಒಂದು ರಾಗ ನುಡಿಸಿದರು, ನಾನು ಹಿಂಬಾಲಿಸಿದೆ. ಇದ್ದಕ್ಕಿದ್ದಂತೆ ಶ್ರುತಿ ಬದಲಿಸಿದರು, ನಾನೂ ಬದಲಿಸಿದೆ. ಅವರ ಕಣ್ಣು ನನ್ನ ಎಡಗೈ ಬಿಟ್ಟು ಕದಲಲಿಲ್ಲ.

ನಿಲ್ಲಿಸಿ ತಮಿಳಿನಲ್ಲಿ ಕೇಳಿದರು, ಕೈ ಒಂದು ಕಡೆ ಇದೆ, ಸ್ವರ ಇನ್ನೊಂದು ಕಡೆಯಿಂದ ಬರುತ್ತಿದೆಯಲ್ಲಮ್ಮಾ ಎಂದು. ಗಿಟಾರನ್ನು ಇಸಿದುಕೊಂಡು ತಾವೇ ಬೆರಳಿಟ್ಟರು. ಅಪಸ್ವರ. ಎಳೆದು ನೋಡಿದರು. "ಅಪ್ಪಾ! ಯಾರುಮ್ಮಾ ಇದೆಲ್ಲಾಂ ಪೋಟ್ಟದು?"

ಇಂಥ ತಂತಿ ಹಾಕಿದವರಾರು ಎಂದು ಕೇಳಿದರೆ ಏನು ಹೇಳುವುದು? ನಾನೇ ಆರಿಸಿದೆ ಎಂಬ ಮಾತು ನನ್ನ ಬಾಯ ತುದಿಗೆ ಬಂದಿತ್ತು. ಬಾಗಿಲ ಕಡೆಯಿಂದ ಅವ್ವ ಎದ್ದು ನಿಂತು, "ನಾನ್ ದಾನ್ ಸಾರ್," ಎಂದು ಒಪ್ಪಿಕೊಂಡಳು. ಆಮೇಲೆ ನೂಲಿನ ನಂಬರಿನ ಕಥೆಯನ್ನೆಲ್ಲ ತಮಿಳಿನಲ್ಲಿ ಬಿಡಿಸಿ ಹೇಳಿದಳು, ಅಂಗಡಿಯವನನ್ನು ಬೈದದ್ದನ್ನೂ ಬಿಡದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ತಪ್ಪಾಗಿ ತಂದವಳು ನಾನು ಸಾರ್, ಎರಡೇ ದಿನದಲ್ಲಿ ಅದರ ಮೇಲೆ ಬಾರಿಸಲು ಕಲಿತವಳು ಇವಳು ಎಂದಳು. ಎಷ್ಟು ಜನರ ಮುಂದೆ, ಎಷ್ಟು ನೇರವಾಗಿ! ನನಗೆ ಎದೆ ಉಬ್ಬಿತು.

ಮಾಸ್ಟರು ಮೂಲೆಯಲ್ಲಿದ್ದ ತಮ್ಮ ಗಿಟಾರನ್ನು ನನ್ನ ಕೈಗಿತ್ತರು. ಒಂಬತ್ತನೇ ನಂಬರು, ಹೊಸ ತಂತಿ, ಸರಿಯಾದ ಶ್ರುತಿ. ಸುಲಭವಾಗಿರುತ್ತೆ, ಇದರಲ್ಲಿ ಬಾರಿಸು ಎಂದರು. ಬೆರಳಿಟ್ಟೆ. ಎರಡು ದಿನ ಕಂಬಿಯಂಥ ತಂತಿ ಒತ್ತಿ ಪಳಗಿದ ಬೆರಳಿಗೆ ಏನೂ ಸಿಕ್ಕಿದಂತಾಗಲಿಲ್ಲ. ಸ್ವಲ್ಪ ಎಳೆದರೆ ಸ್ವರ ಹದ್ದು ಮೀರಿ ಹಾರಿಹೋಯಿತು. ನಾನು ಅಭ್ಯಾಸ ಮಾಡಿದ್ದ ಸಿನಿಮಾ ಹಾಡು ಎರಡು ಸಾಲು ಬಾರಿಸಿ ನಿಲ್ಲಿಸಿದೆ.

"ನನ್ನದೇ ಕೊಡಿ ಸಾರ್," ಎಂದೆ.

"ಹನ್ನೆರಡಾ? ಒಂದು ಕಚೇರಿ ಮೂರು ಗಂಟೆ ನಡೆಯುತ್ತಮ್ಮಾ. ಬೆರಳು ತಡೆಯುತ್ತಾ?"

"ತಡೆಯುತ್ತೆ."

ಮಾವನ ಗಿಟಾರಿನಲ್ಲಿ ಅದೇ ಹಾಡನ್ನು ಮೊದಲಿನಿಂದ ಬಾರಿಸಿದೆ. ಗಿಟಾರು ಅಳಬೇಕಾದ ಜಾಗ ಬಂದಾಗ ಮೂರು ಬೆರಳು ಸೇರಿಸಿ ತಂತಿಯನ್ನು ತಳ್ಳಿದೆ. ಒಡೆದ ಬೊಬ್ಬೆಯ ಉರಿ ಮೊಣಕೈಗೆ ಏರಿತು, ಸ್ವರ ಮಾತ್ರ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಮಾಸ್ಟರು ಹಾರ್ಮೋನಿಯಂ ಮುಚ್ಚಿ, ಬುಧವಾರದಿಂದ ರಿಹರ್ಸಲಿಗೆ ಬಾ, ಮೊದಲ ಕಚೇರಿ ತಾರಮಂಗಲದಲ್ಲಿ ಒಂದು ಮದುವೆಗೆ ಎಂದರು.

ಸೋಮವಾರ ಬೆಳಗ್ಗೆ ಮಾವ ಬಂದ. ನನ್ನನ್ನು ಆರಿಸಿದರೆಂದು ಫೋನಿನಲ್ಲಿ ಹೇಳಿದ್ದನ್ನು ಅವನು ನಂಬಿರಲಿಲ್ಲ, ಹೆಗಲಿಗೆ ಗಿಟಾರಿನ ಹಳೆಯ ಕವರನ್ನು ತೂಗಿಕೊಂಡೇ ಬಂದಿದ್ದ. ಕಾಫಿ ಕುಡಿದು, ಒಂದು ಕೈ ನೋಡ್ತೀನಿ ತಾ ಎಂದು ಗಿಟಾರನ್ನು ತೊಡೆಗೇರಿಸಿಕೊಂಡ. ತನ್ನ ಕಾಲದ ಒಂದು ಹಾಡು ಶುರು ಮಾಡಿದ, ಎಳೆಯುವ ಜಾಗದಲ್ಲಿ ಹಲ್ಲು ಕಚ್ಚಿ ತಳ್ಳಿದ. ತಂತಿ ಜಗ್ಗಲಿಲ್ಲ. ಬೆರಳು ಕೊಡವಿಕೊಂಡು, "ಏನಕ್ಕಾ ಇದು, ಗಿಟಾರಾ ಬೇಲಿ ಕಂಬೀನಾ? ಬಾರ್ಸಕ್ಕೇ ಆಗಕಿಲ್ಲ," ಎಂದ.

ಅವ್ವ ಮಗ್ಗದಿಂದ ತಲೆ ಎತ್ತದೆ ಹೇಳಿದಳು: "ನಿಂಗಾಗಕಿಲ್ಲ, ಬಿಡ್ಲಾ. ಅದು ನನ್ ಮಗಳ್ದು."

ಮಾವ ಗಿಟಾರನ್ನು ಚಾಪೆಯ ಮೇಲೆ ನನ್ನ ಪಕ್ಕಕ್ಕೆ ಸರಿಸಿದ. ಹೊರಡುವಾಗ ಕವರನ್ನೂ ಬಿಟ್ಟುಹೋದ.