ವಾಸನೆಗೆ ಸೊನ್ನೆ

ವನಜಕ್ಕ ಅಡುಗೆಯ ರುಚಿ ನೋಡುವುದಿಲ್ಲ. ಐರ್ಲೆಂಡಿನ ನಮ್ಮ ಲೀಕ್ಸ್‌ಲಿಪ್ ಊರಿನ ಕನ್ನಡದವರಿಗೆಲ್ಲ ಇದು ಗೊತ್ತಿರುವ ವಿಷಯ. ಮೈಸೂರಿನಲ್ಲಿ ಅಜ್ಜಿಯ ಪಕ್ಕ ನಿಂತು ಕಲಿತ ಅಡುಗೆ ಅವರದು. ದೇವರಿಗೆ ನೈವೇದ್ಯ ಆಗುವ ತನಕ ಸಾರಿನ ಒಂದು ಹನಿ ಕೂಡ ನಾಲಿಗೆಗೆ ತಾಗಬಾರದು. ಹಾಗಾದರೆ ಉಪ್ಪು ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಕುದಿಯುವ ಪಾತ್ರೆಯ ಮೇಲೆ ಅಂಗೈ ಆಡಿಸಿ ಆವಿಯನ್ನು ಮೂಗಿನ ಕಡೆ ತಳ್ಳಿಕೊಳ್ಳುತ್ತಾರೆ. ಒಂದು ಕ್ಷಣ ಕಣ್ಣು ಮುಚ್ಚಿ, "ಇನ್ನೊಂದು ಚಿಟಿಕೆ ಬೇಕು" ಅನ್ನುತ್ತಾರೆ. ಹಾಕುತ್ತಾರೆ. ಸರಿಯಾಗಿಯೇ ಇರುತ್ತದೆ.

"ಆಘ್ರಾಣಂ ಅರ್ಧ ಭೋಜನಂ ಅಂತಾರಲ್ಲ ಅಕ್ಕಾ, ಮೂಸಿದ್ರೆ ಅರ್ಧ ತಿಂದ ಹಾಗೇ ಅಲ್ವಾ?" ಎಂದು ನಾನೊಮ್ಮೆ ಕೆಣಕಿದ್ದೆ.

"ನಾನೆಲ್ಲಿ ಮೂಸ್ದೆ? ಆವಿ ತಾನಾಗೇ ಮೂಗಿಗೆ ಬಂದ್ರೆ ನಾನೇನ್ ಮಾಡ್ಲಿ?" ಎಂದು ನನ್ನ ಬಾಯಿ ಮುಚ್ಚಿಸಿದ್ದರು. ವಾದದಲ್ಲಿ ಅವರನ್ನು ಗೆದ್ದವರನ್ನು ನಾನಂತೂ ನೋಡಿಲ್ಲ.

ನಾನು ಅರ್ಪಿತಾ, ಅವರ ಪಕ್ಕದ ಮನೆಯವಳು. ವನಜಕ್ಕನ ಗಂಡ ಗುರುದತ್ ಮತ್ತು ನಾನು ಇಲ್ಲಿನ ಚಿಪ್ ಕಾರ್ಖಾನೆಯಲ್ಲಿ ಒಂದೇ ಪಾಳಿ. ನನಗೆ ಅಡುಗೆ ಬಾರದು. ಬರುವುದೆಲ್ಲ ತಿನ್ನುವುದು, ಕುಡಿಯುವುದು, ತಪ್ಪು ಹುಡುಕುವುದು. ವನಜಕ್ಕ ಮಾತ್ರ ಅಡುಗೆಯಿಂದಲೇ ಬದುಕು ಕಟ್ಟಿಕೊಂಡವರು. ನಾಮಕರಣ, ಸತ್ಯನಾರಾಯಣ ಪೂಜೆ, ಶ್ರಾದ್ಧ, ಏನಿದ್ದರೂ ಕರೆ ಹೋಗುವುದು ಅವರಿಗೆ. ಗಣೇಶನ ಹಬ್ಬಕ್ಕಂತೂ ಊರಿನ ಎಲ್ಲ ಕನ್ನಡ ಮನೆಗಳಿಗೆ ಅವರದೇ ಅಡುಗೆ. ಕೊರೊನಾದ ಮೊದಲ ವರ್ಷ ಸೇರುವಂತಿರಲಿಲ್ಲವೆಂದು ಡಬ್ಬಿಗಳಿಗೆ ತುಂಬಿಸಿ ಮನೆಮನೆಯ ಬಾಗಿಲಿಗೆ ಇಟ್ಟು ಬಂದಿದ್ದರು.

ಎರಡನೆಯ ವರ್ಷದ ಜನವರಿಯಲ್ಲಿ ಕೊರೊನಾ ಅವರ ಮನೆಗೇ ಬಂತು. ಜ್ವರ ಬಂತು, ಹೋಯಿತು. ಹೋಗುವಾಗ ವನಜಕ್ಕನ ಮೂಗನ್ನೂ ತೆಗೆದುಕೊಂಡು ಹೋಯಿತು. ಒಂದು ಬೆಳಿಗ್ಗೆ ಒಲೆಯ ಮುಂದೆಯೇ ನಿಂತಿದ್ದಾರೆ, ಹಾಲು ತಳ ಹತ್ತಿ ಕರಕಲಾಗುತ್ತಿದೆ, ಅವರಿಗೆ ಗೊತ್ತೇ ಇಲ್ಲ. ಮಹಡಿಯ ಮೇಲಿದ್ದ ಮಗಳು ಪ್ರಕೃತಿ, "ಮಮ್! ಸಮ್‌ಥಿಂಗ್ಸ್ ಬರ್ನಿಂಗ್!" ಎಂದು ಕೂಗುತ್ತ ಓಡಿ ಬಂದಾಗಲೇ ತಿಳಿದದ್ದು. ಅವತ್ತು ಆ ಪಾತ್ರೆ ಉಜ್ಜುತ್ತ ಕೂತು ಅವರು ಅತ್ತರಂತೆ. ಗುರುದತ್ ನನಗೆ ಹೇಳಿದರು.

ದಿನಾ ಘಾಟು ವಾಸನೆಗಳನ್ನು ಮೂಸಿ ಮೂಗಿಗೆ ಅಭ್ಯಾಸ ಮಾಡಿಸಿ ಎಂದರು ಡಾಕ್ಟರು. ಲವಂಗ, ನಿಂಬೆ ಸಿಪ್ಪೆ, ಇಂಗಿನ ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಕುಳಿತವು. ಬೆಳಿಗ್ಗೆ ಸಂಜೆ ಅವರು ಸಂಧ್ಯಾವಂದನೆಯ ಹಾಗೆ ಅವನ್ನು ಮೂಸುತ್ತಿದ್ದರು. ಇಂಗಿಗೂ ಜಗ್ಗದ ಮೂಗಿಗೆ ಏನು ಮಾಡುವುದು? "ಎಲ್ಲಾ ಗ್ರ್ಯಾಂಡ್ ಆಗುತ್ತೆ ಬಿಡು" ಎಂದು ಐರಿಷರು 'ಸರಿಹೋಗುತ್ತೆ' ಅನ್ನುವ ಧಾಟಿಯಲ್ಲಿ ಗುರುದತ್ ಹೇಳಿ ಹೇಳಿ, ಕೊನೆಗೆ ಆ ಮಾತು ಆಡಿದರೆ ಸಾಕು ವನಜಕ್ಕ ಎದ್ದು ಹೋಗುತ್ತಿದ್ದರು.

ಆಗಸ್ಟ್ ಕೊನೆಯಲ್ಲಿ, "ಈ ಸಲ ಗಣಪತಿ ಅಡುಗೆ ನಾನ್ ಮಾಡಲ್ಲ ಕಣೇ. ಡಬ್ಲಿನ್ ಹೋಟೆಲಿಗೆ ಹೇಳಿಬಿಡಿ" ಎಂದರು.

ನನಗೆ ಸಿಟ್ಟು ಬಂತು. "ಗಣಪತಿಗೆ ಪಾರ್ಸಲ್ಲಾ? ನಿಮ್ ನಾಲಿಗೆಗೆ ಉಪ್ಪು ಗೊತ್ತಾಗುತ್ತಲ್ಲಾ ಅಕ್ಕಾ. ಒಂದ್ ಚಮಚ ರುಚಿ ನೋಡಿ ಮಾಡಿ. ದೇವರೇನು ಬೈತಾನಾ?"

"ದೇವರು ಬೈಯಲ್ಲ. ಅಜ್ಜಿ ಬೈತಾಳೆ" ಎಂದರು. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಮರುದಿನ ನಾನೇ ಡಬ್ಲಿನ್ ಹೋಟೆಲಿಗೆ ಊಟ ಹೇಳಿಟ್ಟೆ.

ನಮ್ಮ ಬೀದಿಯ ತುದಿಯಲ್ಲಿ ನೋರಾಳ ಪಬ್ ಇದೆ. ಹೆಚ್ಚುಕಡಿಮೆ ಒಂದೂವರೆ ವರ್ಷ ಮುಚ್ಚಿದ್ದ ಬಾಗಿಲು ಆ ಬೇಸಿಗೆಯಲ್ಲಷ್ಟೇ ತೆರೆದಿತ್ತು. ಗಣೇಶನ ಹಬ್ಬದ ಹಿಂದಿನ ಶನಿವಾರ ಅವಳು ಹಿತ್ತಲಿನಲ್ಲಿ ಮೊದಲಿನ ಹಾಗೆ ಏಲ್ ಹಬ್ಬ ಇಟ್ಟುಕೊಂಡಳು. ಏಲ್ ಎಂದರೆ ಪೀಪಾಯಿಯೊಳಗೆ ಇನ್ನೂ ಹುದುಗುತ್ತಲೇ ಇರುವ ಬಿಯರ್. ಐರ್ಲೆಂಡಿನ ಬೇರೆಬೇರೆ ಸೀಮೆಗಳ ಆರು ಏಲ್‌ಗಳು ಬರುತ್ತವೆ. ಮೇಜಿಗೆ ಪುಟ್ಟ ಪುಟ್ಟ ಗ್ಲಾಸುಗಳಲ್ಲಿ ತಂದಿಡುತ್ತಾರೆ. ಬಣ್ಣ, ವಾಸನೆ, ರುಚಿ ಒಂದೊಂದಕ್ಕೂ ಐದರಲ್ಲಿ ಅಂಕ ಹಾಕಬೇಕು. ನನಗಂತೂ ಅದು ದಸರಾ ಇದ್ದ ಹಾಗೆ. ಹಾಗೆಂದು ಯಾವ ಏಲಿಗೂ ನಾನು ಐದು ಕೊಟ್ಟವಳಲ್ಲ.

ವನಜಕ್ಕನನ್ನೂ ಹೊರಡಿಸಿದೆ. ಲಾಕ್‌ಡೌನಿನಲ್ಲಿ ಅವರು ಒಂಟಿ ನೋರಾಳ ಕಿಟಕಿಗೆ ಬಿಸಿಬೇಳೆಬಾತಿನ ಡಬ್ಬಿ ಇಟ್ಟು ಬರುತ್ತಿದ್ದರು. ಆ ಸಲುಗೆಯಲ್ಲಿ ನೋರಾಳೇ ಬಂದು ಕರೆದಳು. ಇಲ್ಲವೆನ್ನಲಾಗದೆ ಬಂದರು, ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ಮನೆಯ ನೀರಿನ ಬಾಟಲಿ ಹಿಡಿದು.

ನೋರಾ ಗಡಿಬಿಡಿಯಲ್ಲಿ ಅವರ ಮುಂದೆಯೂ ಗ್ಲಾಸುಗಳನ್ನಿಟ್ಟು, ಅಂಕದ ಚೀಟಿ ಕೊಟ್ಟು ಹೋದಳು. ನಾನು ಸರಿಸಲು ಹೋದೆ.

"ಇರ್ಲಿ ಬಿಡು. ಕುಡಿಯಲ್ಲ. ಇಂಗು ಮೂಸೋ ಮೂಗು ಇದನ್ನೂ ಮೂಸ್ಲಿ" ಎಂದು ವನಜಕ್ಕ ಮಾಸ್ಕನ್ನು ಗಲ್ಲಕ್ಕೆ ಇಳಿಸಿದರು.

ಒಪ್ಪಿಕೊಂಡ ಕೆಲಸವನ್ನು ಅರೆಬರೆ ಮಾಡಿ ಅವರಿಗೆ ಗೊತ್ತಿಲ್ಲ. ಮೊದಲ ಗ್ಲಾಸು ಎತ್ತಿದರು, ಅಂಗೈ ಆಡಿಸಿದರು, ಕಣ್ಣು ಮುಚ್ಚಿದರು. ಬಣ್ಣಕ್ಕೆ ನಾಲ್ಕು ಬರೆದರು. ವಾಸನೆಗೆ ಸೊನ್ನೆ. ರುಚಿಯ ಕಡೆ ಒಂದು ಗೆರೆ. ಎರಡನೆಯದಕ್ಕೂ ವಾಸನೆಗೆ ಸೊನ್ನೆ, ಮೂರನೆಯದಕ್ಕೂ ಸೊನ್ನೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದೆ ನಾನು. ತಮಾಷೆಗೆ ಅಂದದ್ದು, ಆದರೆ ಅವರ ಮುಖ ಸಪ್ಪಗಾಯಿತು. ನನ್ನ ನಾಲಿಗೆಗೆ ಎಲುಬಿಲ್ಲ, ಏನು ಮಾಡಲಿ.

"ನೆಲ ಡೊಂಕು ಅಂತಿಲ್ಲಮ್ಮ. ನನಗೆ ಬಂದಷ್ಟು ಬರೀತಿದೀನಿ. ಬರದೇ ಇರೋದನ್ನ ಬಂತು ಅಂತ ಬರೆಯೋದು ಹೇಗೆ?" ಎಂದರು ಮೆಲ್ಲಗೆ.

ಅಷ್ಟರಲ್ಲಿ ಆ ಸೊನ್ನೆಗಳ ಸುದ್ದಿ ಹಿತ್ತಲೆಲ್ಲ ಹಬ್ಬಿತ್ತು. ರೇಷ್ಮೆ ಸೀರೆಯ ಹೆಂಗಸು ಭಾರಿ ಕಟ್ಟುನಿಟ್ಟಿನ ತೀರ್ಪುಗಾರಳಂತೆ ಎಂದು ಪಕ್ಕದ ಮೇಜಿನವರು ಪಿಸುಗುಟ್ಟತೊಡಗಿದರು. ಬಿಯರ್ ತಯಾರಿಸಿದವರು ದೂರದಿಂದಲೇ ನಮ್ಮ ಮೇಜನ್ನು ಹೆದರಿ ನೋಡುತ್ತಿದ್ದರು. ನಗು ತಡೆಯಲು ನಾನು ಮಾಸ್ಕ್ ಮೇಲೆಳೆದುಕೊಂಡೆ.

ಆರನೆಯದು ದಕ್ಷಿಣದ ಕಾರ್ಕ್ ಊರಿನ ಕಡೆಯಿಂದ ಫಿನ್‌ಬಾರ್ ಎಂಬ ಹೊಸಬ ತಂದದ್ದು. ಅವನ ಮೊದಲ ಪೀಪಾಯಿ. ದಾರಿಯ ಸೆಕೆಯಲ್ಲಿ ಕುಲುಕಿ ಕುಲುಕಿ ಅದು ಹುಳಿತು ಹೋಗಿತ್ತು. ಒಂದು ಗುಟುಕಿಗೇ ನಾನು ಮುಖ ಕಿವುಚಿದೆ. ನೋರಾ ಆ ಪೀಪಾಯಿ ಮುಚ್ಚಿಸಲು ಹೊರಟಿದ್ದಳು, ಫಿನ್‌ಬಾರ್ ಗೋಡೆಗೊರಗಿ ತಲೆ ತಗ್ಗಿಸಿ ನಿಂತಿದ್ದ.

"ಅದು ಕೆಟ್ಟಿದೆ, ಬಿಡಿ ಅಕ್ಕಾ" ಎಂದೆ. ವನಜಕ್ಕ ಬಿಡಲಿಲ್ಲ. ಗ್ಲಾಸು ಎತ್ತಿ ಅಂಗೈ ಆಡಿಸಿದರು.

ಕೈ ನಿಂತಿತು. ಮತ್ತೆ ಆಡಿಸಿದರು. ಗ್ಲಾಸನ್ನು ಮೂಗಿಗೇ ಹಿಡಿದರು.

"ಅರ್ಪಿತಾ, ದೋಸೆ ಹಿಟ್ಟು" ಎಂದರು.

"ಏನಕ್ಕಾ?"

"ರಾತ್ರಿ ರುಬ್ಬಿಟ್ಟು, ಬೆಳಿಗ್ಗೆ ಮುಚ್ಚಳ ತೆಗೀತೀವಲ್ಲ, ಉಕ್ಕಿ ಚೆಲ್ಲಿರುತ್ತಲ್ಲ... ಅದೇ ಕಣೇ. ದೂರದಲ್ಲೆಲ್ಲೋ ಇದೆ. ಆದ್ರೆ ಇದೆ!"

ಅವರ ಕಣ್ಣಿನಿಂದ ನೀರು ಇಳಿದು ಮಾಸ್ಕಿಗೆ ಬಿತ್ತು. ನಾನೂ ಅತ್ತೆ, ನಾಚಿಕೆಯೇನಿಲ್ಲ. ಎಂಟು ತಿಂಗಳ ಲವಂಗ, ನಿಂಬೆ, ಇಂಗುಗಳಿಗೆ ಆಗದ್ದನ್ನು ಒಂದು ಕೆಟ್ಟ ಬಿಯರ್ ಮಾಡಿತ್ತು. ವನಜಕ್ಕ ಪೆನ್ನು ತೆಗೆದು ವಾಸನೆಗೆ ಐದು ಬರೆದರು, ಒತ್ತಿ ಒತ್ತಿ.

ಫಿನ್‌ಬಾರ್ ಚೀಟಿ ನೋಡಿ, ಇದು ಅಣಕವೇ ಎಂದು ಕೆಂಪಾದ ಮುಖದಲ್ಲಿ ಕೇಳಿದ. ನಾನು ಎಲ್ಲವನ್ನೂ ಹೇಳಿದೆ. ಅವನು ತನ್ನ ಪೀಪಾಯಿಯಿಂದ ಒಂದು ಬಾಟಲಿ ತುಂಬಿಸಿ ತಂದು ವನಜಕ್ಕನ ಮುಂದಿಟ್ಟ. ಆ ವಾರವೆಲ್ಲ ಅದು ಅಡುಗೆಮನೆಯ ಕಿಟಕಿಯಲ್ಲಿ ಇಂಗಿನ ಪಕ್ಕ ಕುಳಿತಿತ್ತು. ಮೈಸೂರಿನ ಅಜ್ಜಿ ನೋಡಿದ್ದರೆ ಏನನ್ನುತ್ತಿದ್ದರೋ ಎಂದೆ. "ಮೂಸಿದ್ದಕ್ಕೆ ಏನೂ ಅನ್ನಲ್ಲ" ಎಂದರು ವನಜಕ್ಕ. ಆಘ್ರಾಣದ ಲೆಕ್ಕ ಹಿಡಿದರೆ ನೀವು ಆರು ಏಲ್ ಅರ್ಧರ್ಧ ಕುಡಿದಿದ್ದೀರಿ ಎಂದದ್ದಕ್ಕೆ ಬೆನ್ನಿಗೊಂದು ಗುದ್ದು ಬಿತ್ತು.

ಮಂಗಳವಾರ ಲವಂಗ ಬಂತು, ಅರ್ಧಂಬರ್ಧ. ಇಂಗು ಬಂದೂ ಬರದ ಹಾಗೆ. ಬುಧವಾರ ಅವರು ಡಬ್ಲಿನ್ ಹೋಟೆಲಿಗೆ ತಾವೇ ಫೋನ್ ಮಾಡಿ ಊಟ ಬೇಡವೆಂದರು.

ಹಬ್ಬದ ದಿನ ಅವರ ಮನೆಯ ಹಿತ್ತಲಿನಲ್ಲಿ ನಾಲ್ಕೇ ಮನೆಯವರು ಸೇರಿದ್ದೆವು.  ಒಂದು ಹನಿಯನ್ನೂ ರುಚಿ ನೋಡದೆ, ಅರ್ಧ ಜೀವ ಬಂದ ಮೂಗನ್ನು ನಂಬಿ ಮಾಡಿದ ಅಡುಗೆ. ತಪ್ಪಿದರೆ ಇವರು ಇನ್ನು ಸೌಟು ಹಿಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನೈವೇದ್ಯವಾಯಿತು, ಮಂಗಳಾರತಿಯಾಯಿತು. ಎಲೆಗೆ ಬಡಿಸಿದ ವನಜಕ್ಕ ಸೊಂಟದಿಂದ ಏನನ್ನೋ ತೆಗೆದು ನನ್ನ ಮುಂದೆ ಹಿಡಿದರು. ನೋರಾಳ ಪಬ್ಬಿನ ಅಂಕದ ಖಾಲಿ ಚೀಟಿ!

"ಸಾರಿಗೆ ಹಾಕು. ನೀನು ಯಾರಿಗೂ ಐದು ಕೊಡೋಳಲ್ಲ, ಅದಕ್ಕೇ ನಿನ್ನೇ ಕೇಳ್ತಿದೀನಿ."

ಬಣ್ಣಕ್ಕೆ ಐದು ಹಾಕಿದೆ. ವಾಸನೆಗೂ ಐದು. ಸಾರನ್ನು ಅನ್ನಕ್ಕೆ ಕಲಸಿ ಬಾಯಿಗಿಟ್ಟೆ. ಉಪ್ಪಿಗಿಂತ ರುಚಿಯಿಲ್ಲ ಅನ್ನುವುದು ಸುಮ್ಮನಲ್ಲ. ಎಲ್ಲವೂ ಇತ್ತು, ಉಪ್ಪು ಮಾತ್ರ ತುಸು ಹಿಂದೆ ಉಳಿದಿತ್ತು. ಸುಳ್ಳು ಬರೆಯೋಣವೆನಿಸಿತು. ಆದರೆ ಈಕೆ ಅಷ್ಟು ಜನರ ನಡುವೆ ಕೂತು ಸೊನ್ನೆಗೆ ಸೊನ್ನೆ ಎಂದೇ ಬರೆದವರು. ನಾನು ನಾಲ್ಕು ಎಂದು ಬರೆದೆ. ಗುರುದತ್ ನನ್ನನ್ನು ದುರುಗುಟ್ಟಿ ನೋಡಿದರು.

"ಒಂದು ಯಾಕೆ ಕಡಿಮೆ?" ಎಂದರು ವನಜಕ್ಕ.

"ಉಪ್ಪು... ಒಂದು ಚಿಟಿಕೆ ಸಾಲದು ಅಕ್ಕಾ."

ಅವರು ಕಣ್ಣು ಮುಚ್ಚಿಕೊಂಡರು. ಎಲ್ಲ ಹಾಳು ಮಾಡಿದೆ ಎಂದುಕೊಂಡೆ. ಕಣ್ಣು ಬಿಟ್ಟಾಗ ಅವರ ಮುಖ ತುಂಬ ನಗು.

"ಆವಿ ಹೇಳಿತ್ತು ಕಣೇ! ಇನ್ನೊಂದು ಚಿಟಿಕೆ ಹಾಕು ಅಂತ ಮೂಗು ಹೇಳ್ತಾನೇ ಇತ್ತು. ನಾನೇ ನಂಬದೆ ಕೈ ತಡೆದುಕೊಂಡೆ."

ಹಾಗೆಂದವರೇ ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದರು. "ದೇವರ ಊಟ ಆಯ್ತಲ್ಲ, ಇನ್ನು ಪರವಾಗಿಲ್ಲ" ಎನ್ನುತ್ತ ಸಾರಿನ ಪಾತ್ರೆಗೆ ಒಂದು ಚಿಟಿಕೆ ಹಾಕಿ ಕಲಕಿದರು. ಆಮೇಲೆ ಎಲ್ಲರ ಎಲೆಗೂ ಇನ್ನೊಂದು ಸುತ್ತು ಬಡಿಸಿದರು.